ನಲವತ್ತೊಂದು ನಗುಮುಖ

ನಮ್ಮ ಲಾಂಡ್ರಿಯ ಹೊರಬಾಗಿಲ ಪಕ್ಕ ಗೋಡೆಗೆ ಒಂದು ಡಬ್ಬಿ ಹೊಡೆದಿದ್ದಾರೆ. ಅದರ ಮೇಲೆ ಮೂರು ಗುಂಡಿ. ಹಸಿರು ಮುಖ ನಗುತ್ತದೆ, ಹಳದಿ ಮುಖ ಸುಮ್ಮನಿರುತ್ತದೆ, ಕೆಂಪು ಮುಖ ಅಳುತ್ತದೆ. ಸಂಜೆ ಕೆಲಸ ಮುಗಿಸಿ ಹೋಗುವಾಗ ನಮ್ಮ ಮನಸ್ಸು ಹೇಗಿದೆಯೋ ಅದಕ್ಕೆ ತಕ್ಕ ಗುಂಡಿ ಒತ್ತಬೇಕು. ಎಂಟು ಗಂಟೆ ಬೆಂದವರ ಮನಸ್ಸು ಹೇಗಿರುತ್ತದೆ ಎಂದು ತಿಳಿಯಲು ಯಂತ್ರ ಬೇಕಾದಷ್ಟು ಜಾಣರು ನಮ್ಮ ಮೇಲಿನವರು. ಈ ಡಬ್ಬಿ ನನ್ನ ಅತ್ತಿಗೆಯನ್ನು ಏನು ಮಾಡಿತು ಎಂದು ಹೇಳುತ್ತೇನೆ. ಡಬ್ಬಿಯೊಂದೇ ಮಾಡಿತು ಎಂದರೆ ಸುಳ್ಳಾಗುತ್ತದೆ. ಅದನ್ನೂ ಹೇಳುತ್ತೇನೆ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ನಾನು ಕರೆಯುವುದನ್ನು ಕೇಳಿ ಕೇಳಿ ಲಾಂಡ್ರಿಯವರಿಗೆಲ್ಲ ಅವರು ಅತ್ತಿಗೆಯೇ ಆಗಿಬಿಟ್ಟರು. ಅವರಿಗಿಂತ ಹತ್ತು ವರ್ಷ ದೊಡ್ಡವನಾದ ಬಾಯ್ಲರಿನವನೂ ಹಾಗೇ ಕರೆಯುತ್ತಾನೆ. ಆಸ್ಪತ್ರೆಗಳ, ಲಾಡ್ಜುಗಳ ಬೆಡ್‌ಶೀಟ್ ಒಗೆದು, ಇಸ್ತ್ರಿ ಮಾಡಿ, ಕಟ್ಟು ಕಟ್ಟಿ ಕಳಿಸುವುದು ನಮ್ಮ ಕೆಲಸ. ಅತ್ತಿಗೆ ಹತ್ತೊಂಬತ್ತು ವರ್ಷ ನಿಂತದ್ದು ರೋಲರಿನ ಮುಂದೆ. ರೋಲರ್ ಎಂದರೆ ಒಳಗೆ ಹಬೆ ಹರಿಯುವ, ಮಂಚಕ್ಕಿಂತ ಉದ್ದದ ಕಬ್ಬಿಣದ ಉರುಳೆ. ಒದ್ದೆ ಬೆಡ್‌ಶೀಟಿನ ಎರಡು ತುದಿಯನ್ನು ಇಬ್ಬರು ಹಿಡಿದು, ಜಗ್ಗಿ, ಅದರ ಬಾಯಿಗೆ ಕೊಡಬೇಕು. ನಿಮಿಷಕ್ಕೆ ನಾಲ್ಕು. ಒಂದು ತುದಿ ಅತ್ತಿಗೆಯದು, ಇನ್ನೊಂದು ನನ್ನದು.

ಆ ತುದಿಯನ್ನು ನನ್ನ ಕೈಗೆ ಕೊಟ್ಟವರೂ ಅವರೇ. ಗಂಡ ಬಿಟ್ಟುಹೋದ ಮೇಲೆ ನಾನು ಮಗಳನ್ನು ಎತ್ತಿಕೊಂಡು ಅಣ್ಣನ ಮನೆಗೆ ಬಂದು ಮೂಲೆ ಹಿಡಿದಿದ್ದೆ. ಒಂಬತ್ತನೆಯ ದಿನ ಅತ್ತಿಗೆ ಎದುರು ಬಂದು ನಿಂತರು.

"ಇಲ್ಲಿ ಕೂತು ಅತ್ರೆ ಯಾರಾದ್ರೂ ಸಂಬಳ ಕೊಡ್ತಾರಾ? ನಾಳೆ ಏಳು ಗಂಟೆಗೆ ರೆಡಿಯಾಗಿರು."

ಅಷ್ಟೇ ಸಾಂತ್ವನ. ನನಗೆ ಅಷ್ಟು ಸಾಕಾಯಿತು.

ಅತ್ತಿಗೆಯದು ಬಾಯಿ ಜೋರು. ಯಾವುದನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಪೈಕಿಯವರಲ್ಲ. ಲಾರಿಯವನು ಮೂಟೆ ಎಸೆದರೆ ಅವನಿಗೆ, ಬಾಯ್ಲರಿನವನು ಹಬೆ ಹೆಚ್ಚು ಬಿಟ್ಟರೆ ಅವನಿಗೆ, ಯಾರೂ ಸಿಗದ ದಿನ ನನಗೆ ಬೈಗುಳ ತಪ್ಪಿದ್ದಲ್ಲ. ಬೈದು ಮುಗಿಸಿದ ಮೇಲೆ ಅದರ ನೆನಪೂ ಅವರಿಗೆ ಇರುತ್ತಿರಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು, ಒಂದು ಬಕೆಟ್ ತಣ್ಣೀರಿನಲ್ಲಿ ಎರಡೂ ಕಾಲು ಇಳಿಬಿಟ್ಟು, ಹತ್ತು ನಿಮಿಷ ಕಣ್ಣು ಮುಚ್ಚುತ್ತಿದ್ದರು. ಆಗ ಯಾರೂ ಮಾತಾಡಿಸಬಾರದು. ಹತ್ತೊಂಬತ್ತು ವರ್ಷ ಅವರನ್ನು ಕಾಲ ಮೇಲೆ ನಿಲ್ಲಿಸಿದ್ದು ಆ ಬಾಯಿ ಮತ್ತು ಆ ಬಕೆಟ್. ಅದನ್ನು ಯಾವ ಮೇಷ್ಟ್ರೂ ಬಂದು ಕಲಿಸಿರಲಿಲ್ಲ.

ರೋಲರಿನ ಮೇಲೆ ಬಿಸಿಗಾಳಿಯನ್ನು ಹೊರಗೆಳೆಯಲು ಎರಡು ಫ್ಯಾನ್ ಇದ್ದವು. ಒಂದು ಸುಟ್ಟುಹೋಯಿತು. ಪಾರಿವಾಳ ಒಳಗೆ ನುಗ್ಗುತ್ತವೆಂದು ಆ ಕಿಂಡಿಗೆ ಮರುದಿನವೇ ತಗಡು ಹೊಡೆಸಿದರು. ಪಾರಿವಾಳದ ವಿಷಯದಲ್ಲಿ ನಮ್ಮ ಕಂಪನಿ ಬಹಳ ಚುರುಕು. ಫ್ಯಾನಿನ ಬಗ್ಗೆ ಅತ್ತಿಗೆ ವಾರಕ್ಕೊಮ್ಮೆ ಸೂಪರ್‌ವೈಸರನ ಹತ್ತಿರ ಹೋಗುತ್ತಿದ್ದರು. "ಮೇಲೆ ಹೇಳಿದೀನಿ ಅತ್ತಿಗೆ" ಎನ್ನುತ್ತಿದ್ದ. ಅವನು ಕೆಟ್ಟವನೇನಲ್ಲ. ಕೆಟ್ಟವನಾಗುವುದಕ್ಕೂ ಸ್ವಲ್ಪ ಬೆನ್ನೆಲುಬು ಬೇಕಾಗುತ್ತದೆ. ಎರಡು ಬೇಸಿಗೆ ಹೀಗೇ ಹೋಯಿತು. ಎರಡನೆಯದು ಮುಗಿದ ಬೆನ್ನಿಗೇ ಫ್ಯಾನಿನ ಬದಲು ಉಸಿರಿನ ಮೇಷ್ಟ್ರು ಬಂದರು.

ಒತ್ತಡಕ್ಕೆ ಕುಗ್ಗದೆ ನಗುನಗುತ್ತ ಕೆಲಸ ಮಾಡುವುದು ಹೇಗೆಂದು ಮೂರು ದಿನದ ತರಬೇತಿ. ನಡೆದದ್ದು ಮೇಲಿನ ಮಹಡಿಯ ಎಸಿ ಕೋಣೆಯಲ್ಲಿ. ಮೇಷ್ಟ್ರಿಗೆ ಮೂವತ್ತರ ಒಳಗಿನ ವಯಸ್ಸು, ಜೇನು ತುಪ್ಪದಂಥ ದನಿ. ನಾಲ್ಕು ಎಣಿಸುವವರೆಗೆ ಉಸಿರು ಎಳೆದುಕೊಳ್ಳಿ, ನಾಲ್ಕು ಎಣಿಸುವವರೆಗೆ ತಡೆಹಿಡಿಯಿರಿ ಎಂದರು. ಬ್ಲೀಚಿನ ಘಾಟಿನಲ್ಲಿ ಉಸಿರು ಬಿಗಿಹಿಡಿಯುವ ವಿದ್ಯೆಯಲ್ಲಿ ನಾವು ಅವರಿಗೇ ಪಾಠ ಹೇಳಬಹುದಿತ್ತು. ಆಮೇಲೆ, "ಬಿಸಿ ಹೊರಗಡೆ ಇಲ್ಲ, ಬಿಸಿ ಬಗ್ಗೆ ನಾವು ಮಾಡೋ ಯೋಚನೇಲಿದೆ" ಎಂದರು. ಅತ್ತಿಗೆ ಕೈ ಎತ್ತಿದರು.

"ಹಾಗಾದ್ರೆ ಸಾರ್, ನಮ್ಮ ಯೋಚನೆಗೆ ಒಂದು ಫ್ಯಾನ್ ಹಾಕಿಸಿಕೊಡ್ತೀರಾ?"

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕು, ಹಾಸ್ಯಪ್ರಜ್ಞೆ ಒತ್ತಡಕ್ಕೆ ಒಳ್ಳೆಯ ಮದ್ದು ಎಂದು ಬೋರ್ಡಿನ ಮೇಲೆ ಬರೆದರು.

ಹೋಗುವಾಗ ಎಲ್ಲರಿಗೂ ಒಂದೊಂದು ಪುಸ್ತಕ ಕೊಟ್ಟರು. ಆ ದಿನ ನಡೆದ ಮೂರು ಒಳ್ಳೆಯ ಸಂಗತಿಗಳನ್ನು ಅದರಲ್ಲಿ ಬರೆಯಬೇಕು. ಅತ್ತಿಗೆ ಬರೆದದ್ದು ನನಗೆ ಬಾಯಿಪಾಠ. ಮೊದಲನೆಯದು, ಇವತ್ತು ಮೂರು ಗಂಟೆಗೆ ಕರೆಂಟ್ ಹೋಯಿತು. ಎರಡನೆಯದು, ಬರಲು ಇಪ್ಪತ್ತು ನಿಮಿಷವಾಯಿತು. ಮೂರನೆಯದು, ಬಂದಾಗ ರೋಲರ್ ತಣ್ಣಗಾಗಿತ್ತು.

ಮರುವಾರ ಹಿಂಬಾಗಿಲಲ್ಲಿ ನೆಮ್ಮದಿಯ ಮೂಲೆ ಎಂಬ ಹೊಸ ಸೌಕರ್ಯ ಎದ್ದಿತು. ಎರಡು ಕುರ್ಚಿ, ಒಂದು ಪ್ಲಾಸ್ಟಿಕ್ ಗಿಡ, ಗೋಡೆಯ ತುಂಬ ಜಲಪಾತದ ಚಿತ್ರ. ಚಿತ್ರದ ಕೆಳಗೆ ಬಕೆಟ್ ಚೆನ್ನಾಗಿ ಕಾಣುವುದಿಲ್ಲವೆಂದು ಅದನ್ನು ಎತ್ತಿಸಿದರು. ಕಾಗದದ ಮೇಲೆ ಹರಿಯುವ ನೀರನ್ನು ನೋಡುತ್ತ ಅತ್ತಿಗೆ ಕಾದ ಕಾಲುಗಳನ್ನು ಚಾಚಿ ಕೂರಬೇಕಾಯಿತು. ಇಂಥದ್ದನ್ನು ಕಂಡಾಗಲೂ ನಗು ಬರದಿದ್ದರೆ ಅದು ನಮ್ಮ ಹಾಸ್ಯಪ್ರಜ್ಞೆಯ ದೋಷವಿರಬೇಕು.

ಗುಂಡಿಯ ಡಬ್ಬಿ ಬಂದದ್ದು ಅದೇ ವಾರ. ಮೊದಲ ದಿನ ಎಂಟು ಜನ ಕೆಂಪು ಒತ್ತಿದರು. ಡಬ್ಬಿಯ ಪಕ್ಕದಲ್ಲೇ ನಿಂತಿದ್ದ ಸೂಪರ್‌ವೈಸರ್ ಆ ಎಂಟು ಜನರನ್ನೂ ನಿಲ್ಲಿಸಿಕೊಂಡು, ಏನು ಬೇಸರ, ಮನೆಯಲ್ಲಿ ಎಲ್ಲ ಸರಿಯೇ ಎಂದು ಅರ್ಧ ಗಂಟೆ ವಿಚಾರಿಸಿದ. ಅಷ್ಟರಲ್ಲಿ ಐದು ಗಂಟೆಯ ಬಸ್ಸು ಹೋಗಿತ್ತು. ಮುಂದಿನದು ಆರಕ್ಕೆ. ನಾನು ಸಾಲಿನ ಕೊನೆಯಲ್ಲಿದ್ದೆ, ಅವರನ್ನು ನಿಲ್ಲಿಸಿಕೊಂಡದ್ದನ್ನು ನೋಡಿಯೇ ಕಲಿತೆ. ಮಗಳ ಶಾಲೆಯ ಗೇಟನ್ನು ಐದೂವರೆಗೆ ಮುಚ್ಚುತ್ತಾರೆ. ಹಸಿರು ಒತ್ತಿ ಓಡಿದೆ. ಮರುದಿನದಿಂದ ಇಡೀ ಲಾಂಡ್ರಿ ನಗತೊಡಗಿತು. ಕೈ ಸುಟ್ಟುಕೊಂಡವನೂ ಹಸಿರು, ಹಿಂದಿನ ದಿನ ಬೈಸಿಕೊಂಡು ಅತ್ತವಳೂ ಹಸಿರು. ಡಬ್ಬಿಗೆ ತಾನೇ, ಏನು ಒತ್ತಿದರೆ ಏನಂತೆ ಎಂದುಕೊಂಡೆವು. ನಮ್ಮ ಬುದ್ಧಿವಂತಿಕೆ ಅಷ್ಟಕ್ಕೇ ಮುಗಿದಿತ್ತು.

ಅತ್ತಿಗೆ ಒಬ್ಬರೇ ದಿನಾ ಕೆಂಪು ಒತ್ತಿದರು. ದಿನಾ ಅರ್ಧ ಗಂಟೆ ನಿಂತರು. ಏನು ತೊಂದರೆ ಎಂದರೆ "ಫ್ಯಾನ್" ಎನ್ನುತ್ತಿದ್ದರು. ಸೂಪರ್‌ವೈಸರ್ "ವೈಯಕ್ತಿಕ ಒತ್ತಡ" ಎಂದು ಬರೆದುಕೊಳ್ಳುತ್ತಿದ್ದ. ಆರರ ಬಸ್ಸಿನಲ್ಲಿ ಬಂದು ಮನೆಯಲ್ಲಿ ಚೀಲ ಇಳಿಸುತ್ತಿದ್ದ ಅವರಿಗೆ ನಾನೇ ಬುದ್ಧಿ ಹೇಳಿದ್ದೂ ಉಂಟು.

"ಸುಮ್ಮನೆ ಹಸಿರು ಒತ್ತಿ ಬರಬಾರದಾ ಅತ್ತಿಗೆ? ಯಾರು ನೋಡ್ತಾರೆ ಅದನ್ನ?"

"ಯಾರೂ ನೋಡದಿದ್ರೆ ಯಾಕೆ ಇಟ್ಟಿದಾರೆ?" ಎಂದರು.

ಮೂರನೆಯ ಬೇಸಿಗೆ ಕಾಲಿಟ್ಟಿತು. ಒಂದು ಮಂಗಳವಾರ ಮಧ್ಯಾಹ್ನ ಬೆಡ್‌ಶೀಟ್ ಜಗ್ಗುತ್ತಿದ್ದಾಗ ಇದ್ದಕ್ಕಿದ್ದಂತೆ ಆ ಕಡೆಯ ಹಿಡಿತ ಸಡಿಲವಾಯಿತು. ನೋಡಿದರೆ ಅತ್ತಿಗೆ ನೆಲದ ಮೇಲಿದ್ದರು. ಮುಖ ಕೆಂಪಾಗಿತ್ತು, ಮೈಯಲ್ಲಿ ಒಂದು ಹನಿ ಬೆವರಿರಲಿಲ್ಲ. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು. ನಾವೇ ಒಗೆದ ಬೆಡ್‌ಶೀಟಿನ ಮೇಲೆ ಮಲಗಿದ್ದರು. ಇನ್ನು ಬಿಸಿಯ ಮುಂದೆ ನಿಲ್ಲಕೂಡದು, ನಿಂತರೆ ಮುಂದಿನ ಸಲ ಏಳುವುದಿಲ್ಲ ಎಂದು ಡಾಕ್ಟರು ಬರೆದುಕೊಟ್ಟರು.

ಕಟ್ಟು ಕಟ್ಟುವ ಕೋಣೆ ತಂಪು. ಅಲ್ಲಿ ಒಂದು ಜಾಗ ಖಾಲಿ ಇತ್ತು. ತಮ್ಮನ್ನು ಅಲ್ಲಿಗೆ ಹಾಕಬೇಕೆಂದು ಅತ್ತಿಗೆ ಅರ್ಜಿ ಕೊಟ್ಟರು. ನಮ್ಮ ಕಂಪನಿಯ ನಿಯಮ ಹೀಗಿದೆ: ಕೆಲಸದ ಜಾಗದಿಂದಲೇ ಕಾಯಿಲೆ ಬಂದಿದ್ದರೆ ಬೇರೆ ಕೆಲಸ ಕೊಡಲೇಬೇಕು, ಮೈಯ ದೌರ್ಬಲ್ಯದಿಂದ ಬಂದಿದ್ದರೆ ಮನೆಗೆ ಕಳಿಸಬಹುದು. ಹಾಗಾಗಿ ಎಲ್ಲವೂ ಒಂದೇ ಪ್ರಶ್ನೆಯ ಮೇಲೆ ನಿಂತಿತು. ರೋಲರಿನ ಮುಂದೆ ತಡೆಯಲಾರದಷ್ಟು ಬಿಸಿ ಇದೆಯೋ ಇಲ್ಲವೋ?

ಮ್ಯಾನೇಜರ್ ನಮ್ಮಿಬ್ಬರನ್ನೂ ಕರೆದರು. ನಾನು ಸಾಕ್ಷಿ. ಹಿಂದಿನ ಸಂಜೆಯೇ ಹೇಳಬೇಕಾದದ್ದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ.

"ತುಂಬಾ ಬಿಸಿ ಇದೆ ಸಾರ್" ಎಂದೆ. "ಅತ್ತಿಗೆಗೆ ಮಾತ್ರ ಅಲ್ಲ, ಎಲ್ಲರಿಗೂ ಕಷ್ಟ ಇದೆ. ತಲೆ ಸುತ್ತುತ್ತೆ. ನಂಗೂ ಸುತ್ತುತ್ತೆ."

ಮ್ಯಾನೇಜರ್ ಸಿಟ್ಟಾಗಲಿಲ್ಲ. ಒಂದು ಹಾಳೆಯನ್ನು ತಿರುಗಿಸಿ ನನ್ನ ಮುಂದಿಟ್ಟರು. ಹತ್ತು ತಿಂಗಳು, ದಿನಕ್ಕೊಂದು ಗೆರೆ. ಎಂಟು ಕೆಂಪಿನ ಆ ಮೊದಲ ದಿನವನ್ನು ಪರೀಕ್ಷೆಯ ದಿನವೆಂದು ಬಿಟ್ಟಿದ್ದರು. ಪ್ರತಿ ಗೆರೆಯಲ್ಲೂ ನಲವತ್ತೊಂದು ಹಸಿರು, ಒಂದು ಕೆಂಪು.

"ಅದೇ ಜಾಗ, ಅದೇ ಬಿಸಿ. ನಲವತ್ತೊಂದು ಜನ ಖುಷಿಯಾಗಿದಾರೆ. ನೀವೂ ಇದರಲ್ಲಿ ಇದೀರಲ್ಲಮ್ಮ. ಕಷ್ಟ ಇದ್ದಿದ್ರೆ ಹಸಿರು ಯಾಕೆ ಒತ್ತಿದ್ರಿ?"

ಬಸ್ಸಿಗೆ ಹೊತ್ತಾಗುತ್ತಿತ್ತು ಸಾರ್ ಎನ್ನಲೇ? ನನ್ನ ನಾಲಿಗೆ ಏಳುವ ಮೊದಲೇ ನನ್ನ ಬೆರಳು ಹತ್ತು ತಿಂಗಳು ಸಾಕ್ಷಿ ಹೇಳಿಬಿಟ್ಟಿತ್ತು. ಸೂಪರ್‌ವೈಸರನನ್ನೂ, ಉಸಿರಿನ ಮೇಷ್ಟ್ರನ್ನೂ, ಪ್ಲಾಸ್ಟಿಕ್ ಗಿಡವನ್ನೂ ಆಡಿಕೊಂಡು ನಗುತ್ತಿದ್ದವಳು ನಾನು. ಆ ಹಾಳೆಯ ಮುಂದೆ ಅವರೆಲ್ಲರಿಗಿಂತ ನನ್ನ ಬಗ್ಗೆಯೇ ನನಗೆ ಹೆಚ್ಚು ಹೇಸಿಗೆಯಾಯಿತು. ಅತ್ತಿಗೆ ನನ್ನ ಕಡೆ ತಿರುಗಲಿಲ್ಲ. ಹಾಳೆಯನ್ನು ಎಳೆದುಕೊಂಡು, ಕನ್ನಡಕ ಏರಿಸಿ, ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಗೆರೆ ಓದಿದರು. ವೈಯಕ್ತಿಕವಾಗಿ ಒತ್ತಡ ನಿಭಾಯಿಸುವ ಶಕ್ತಿ ಕಡಿಮೆ ಎಂದು ಬರೆದು ಅವರನ್ನು ಮನೆಗೆ ಕಳಿಸಿದರು. ಮನೆಯಲ್ಲೂ ಉಸಿರಾಟ ಮುಂದುವರಿಸಿ ಎಂದು ಮ್ಯಾನೇಜರ್ ಸಲಹೆ ಕೊಟ್ಟರು. ಮುಂದುವರಿಸುವ ಯೋಚನೆ ಅತ್ತಿಗೆಗೂ ಇತ್ತು.

ಬಸ್‌ಸ್ಟಾಪಿನಲ್ಲಿ ನಾನೇ ಬಾಯಿ ತೆರೆದೆ.

"ಅತ್ತಿಗೆ, ಮಗು ಗೇಟಲ್ಲಿ ಒಬ್ಬಳೇ..."

"ಗೊತ್ತು. ನಾನೇನು ಕೇಳಿದ್ನಾ?"

ಬಸ್ಸು ಬರುತ್ತಿದೆಯೇ ಎಂದು ರಸ್ತೆ ನೋಡಿದರು. ಯಾವತ್ತಿನ ಜೋರು ದನಿ ಇರಲಿಲ್ಲ.

"ಒಂದು ದಿನ ಒತ್ತಬಹುದಿತ್ತು ನೀನು" ಎಂದರು. "ಒಂದು ಗೆರೇಲಿ ಎರಡು ಕೆಂಪು ಇದ್ದಿದ್ರೆ ತೋರಿಸ್ತಿದ್ದೆ."

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾಳೆಯಿಂದ ದಿನಾ ಕೆಂಪೇ ಒತ್ತುತ್ತೇನೆ ಎಂದು ಅಳುತ್ತ ಮಾತು ಕೊಟ್ಟೆ. ಅವರು ನನ್ನ ಸೆರಗು ಸರಿಮಾಡಿದರು.

"ಮಗೂನ ನಾಳೆಯಿಂದ ನಾನೇ ಕರ್ಕೊಂಡು ಬರ್ತೀನಿ. ನಿಂಗೆ ಬಸ್ಸಿನ ಚಿಂತೆ ಬೇಡ."

ಮರುದಿನ ರೋಲರಿನ ಆ ತುದಿಗೆ ಹೊಸಬಳು ಬಂದಿದ್ದಳು. ಸಂಜೆ ಡಬ್ಬಿಯ ಮುಂದೆ ನಿಂತೆ. ಮಗಳ ಚಿಂತೆ ಇರಲಿಲ್ಲ, ಬಸ್ಸಿನ ಅವಸರ ಇರಲಿಲ್ಲ, ಒಂದೇ ಒಂದು ನೆಪವೂ ಉಳಿದಿರಲಿಲ್ಲ. ಕೆಂಪು ಒತ್ತಿದವರನ್ನು ಏನು ಮಾಡುತ್ತಾರೆಂದು ಮಾತ್ರ ಈಗ ಚೆನ್ನಾಗಿ ಗೊತ್ತಿತ್ತು. ನನ್ನ ಕೆಲಸವೂ ಹೋದರೆ ಅಣ್ಣನೊಬ್ಬನ ದುಡಿಮೆಯಲ್ಲಿ ನಾಲ್ಕು ಹೊಟ್ಟೆ. ಸೂಪರ್‌ವೈಸರ್ ನನ್ನನ್ನೇ ನೋಡುತ್ತಿದ್ದ. ಹಸಿರು ಒತ್ತಿದೆ.

ಐದು ಗಂಟೆಯ ಬಸ್ಸಿಗೇ ಮನೆ ಸೇರಿದೆ. ಅತ್ತಿಗೆ ಅಡುಗೆಮನೆಯ ನೆಲದ ಮೇಲೆ ಕೂತು ನನ್ನ ಮಗಳ ತಲೆ ಬಾಚುತ್ತಿದ್ದರು. ಬಾಗಿಲ ಸದ್ದಿಗೆ ಮುಖವೆತ್ತಿ ಗಡಿಯಾರ ನೋಡಿದರು.

"ಬೇಗ ಬಂದೆಯಲ್ಲ" ಎಂದರು.

ಕೆಂಪು ಒತ್ತಿದವರು ಈ ಹೊತ್ತಿಗೆ ಮನೆಗೆ ಬರುವುದಿಲ್ಲವೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ನಾನು ಚಪ್ಪಲಿ ಬಿಡುತ್ತ ತಲೆ ತಗ್ಗಿಸಿಯೇ ನಿಂತೆ. ಅವರು ಬಾಚಣಿಗೆ ಕೆಳಗಿಟ್ಟು ಜಡೆ ಹೆಣೆಯತೊಡಗಿದರು.