ನನ್ನದಲ್ಲದ ಚಕ್ರ

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ನಾವು ನಾಲ್ಕೈದು ಜನ ಸಂಸಾರಸ್ಥ ಗಂಡಸರು, ಒಂದನೇ ತರಗತಿಯ ಮಕ್ಕಳ ಹಾಗೆ ಕೈ ಮುಂದೆ ಚಾಚಿ ಸಾಲಾಗಿ ನಿಲ್ಲುತ್ತಿದ್ದೆವು. ಶಿವಮೊಗ್ಗದಲ್ಲಿ ತುಂಗೆಯ ಸೇತುವೆಗೆ ಹೋಗುವ ದಾರಿಯಲ್ಲಿ ಒಂದು ಹೆಂಚಿನ ಮನೆ, ಅದರ ಹಿತ್ತಲಲ್ಲಿ ಒಂದು ತಗಡಿನ ಚಪ್ಪರ. ಅಲ್ಲಿ ಮುಕ್ಕಾಲಿಯ ಮೇಲೆ ಕೂತಿದ್ದ ಮುದುಕರು ಒಬ್ಬೊಬ್ಬರ ಕೈಯನ್ನೂ ಹಿಡಿದು, ಮಗುಚಿ, ಉಗುರಿನ ಸಂದಿಯವರೆಗೆ ನೋಡಿ, ಆಮೇಲೆ ಸೈಕಲ್ಲಿನ ಕಡೆ ತಿರುಗುತ್ತಿದ್ದರು. “ಸೈಕಲ್ಲು ಆಮೇಲೆ ಸಾಮಿ, ಮೊದ್ಲು ಕೈ ತೋರ್ಸಿ” ಎನ್ನುವುದು ಅವರ ಮಾತು. ಸೈಕಲ್ ರಿಪೇರಿಯ ಗಂಧಗಾಳಿ ಇಲ್ಲದ ನಮ್ಮಂಥವರಿಗೆ ಅದನ್ನು ಕಲಿಸಿದವರು ಅವರು.

ಅವರ ಉಪಕಾರ ನೆನೆದು ನಾಲ್ಕು ಸಾಲು ಬರೆಯೋಣವೆಂದು ಕೂತರೆ, ನಾನು ಅವರಿಗೆ ಮಾಡಿದ ಮೋಸ ಮೊದಲು ನೆನಪಿಗೆ ಬರುತ್ತದೆ. ದೊಡ್ಡ ಮೋಸವೇನಲ್ಲ. ಆದರೆ ಅದನ್ನು ಅವರೆದುರು ಒಪ್ಪಿಕೊಳ್ಳಬೇಕು ಎನ್ನುವುದು ನಾಲ್ಕು ವರ್ಷ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದು ನಿವೃತ್ತರಾದವರು. ಮನೆಮಾತು ತಮಿಳು. ಹೆಂಡತಿ ತೀರಿಹೋಗಿದ್ದರು. ಒಬ್ಬಳೇ ಮಗಳು ಭದ್ರಾವತಿಯ ಕಾರ್ಮಿಕರ ವಸತಿಯಲ್ಲಿ ಗಂಡನ ಜೊತೆ ಇದ್ದಳು. ಅಳಿಯನ ಮನೆಯಲ್ಲಿ ಬಿದ್ದಿರುವುದು ಸರಿಯಲ್ಲವೆಂದು ಇವರು ಶಿವಮೊಗ್ಗಕ್ಕೆ ಬಂದು ಬಾಡಿಗೆ ಮನೆ ಹಿಡಿದಿದ್ದರು. ಅಷ್ಟು ಹೊತ್ತಿಗೆ ಎರಡನೇ ಮಹಾಯುದ್ಧ ಶುರುವಾಗಿ ವಿಲಾಯಿತಿಯಿಂದ ಸೈಕಲ್ಲಿನ ಸಾಮಾನು ಬರುವುದು ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಹೊಸ ಟೈರು ಕೇಳಿದರೆ ಪೇಟೆಯ ಅಂಗಡಿಯವನು ಹಲ್ಲು ಕಿರಿಯುತ್ತಿದ್ದ. ಇದ್ದದ್ದನ್ನೇ ಉಳಿಸಿಕೊಳ್ಳಬೇಕಾದ ಕಾಲ. ಎದುರು ಮನೆಯ ಶಾಲಾ ಮೇಷ್ಟರಿಗೆ ಒಂದು ದಿನ ಪಂಕ್ಚರು ಹಾಕುವುದನ್ನು ಹೇಳಿಕೊಟ್ಟರಂತೆ. ಮೇಷ್ಟರು ಅದನ್ನು ಊರೆಲ್ಲ ಟಾಂಟಾಂ ಮಾಡಿದರು, ನಾವು ಸೇರಿಕೊಂಡೆವು.

ನಾನು ಕಚೇರಿಯಲ್ಲಿ ಗುಮಾಸ್ತ. ನಮ್ಮದು ಪೌರೋಹಿತ್ಯದ ಮನೆತನ. ತೆಂಗಿನಕಾಯಿ ತುರಿಯುವ ಈಳಿಗೆಮಣೆ ಬಿಟ್ಟರೆ ಬೇರೆ ಕಬ್ಬಿಣದ ಸಾಮಾನು ನಮ್ಮ ಮನೆಯಲ್ಲಿ ಇದ್ದ ನೆನಪಿಲ್ಲ. ಸೈಕಲ್ಲು ಮಾವ ಮದುವೆಯಲ್ಲಿ ಕೊಟ್ಟದ್ದು. ಗ್ರೀಸಿನಲ್ಲಿ ದನದ ಕೊಬ್ಬು ಇರುತ್ತದೆಂದು ಯಾರೋ ಅಮ್ಮನ ಕಿವಿಗೆ ಹಾಕಿದ್ದರಿಂದ ಗ್ರೀಸು ಮನೆಯ ಹೊಸಿಲು ದಾಟುವ ಹಾಗಿರಲಿಲ್ಲ. ಹಾಗಾಗಿ ನಾನು ಚಕ್ರದ ಬೇರಿಂಗ್ ಗುಂಡುಗಳಿಗೆಲ್ಲ ಧಾರಾಳವಾಗಿ ಹರಳೆಣ್ಣೆ ಸುರಿದುಕೊಂಡು ಮೊದಲ ಭಾನುವಾರ ಹೋದೆ. ಮುದುಕರು ಬಗ್ಗಿ ಮೂಸಿ ನೋಡಿದರು.

“ಸೈಕಲ್ಲಿಗೆ ಭೇದಿಗೆ ಕೊಟ್ಟಿದೀರಾ ಸಾಮಿ?” ಎಂದರು.

ಮೇಷ್ಟರು ನಕ್ಕದ್ದು ಸೇತುವೆಯ ಆಚೆಗೂ ಕೇಳಿಸಿರಬೇಕು. ಮುದುಕರು ಮಾತ್ರ ನಗಲಿಲ್ಲ. ಎಣ್ಣೆ ಯಾಕೆ ಅಂಟಾಗುತ್ತದೆ, ಅಂಟಿಗೆ ಧೂಳು ಸೇರಿದರೆ ಏನಾಗುತ್ತದೆ ಎನ್ನುವುದನ್ನು ಅರ್ಧ ಗಂಟೆ ಹೇಳಿದರು. ನಂತರ, ಎಲ್ಲ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯಿರಿ ಎಂದು ಕೈ ಕಂಕುಳಲ್ಲಿ ಇಟ್ಟುಕೊಂಡು ಕೂತುಬಿಟ್ಟರು. ಅದು ಅವರ ಕ್ರಮ. ಯಾರ ಸೈಕಲ್ಲನ್ನೂ ಅವರು ಮುಟ್ಟುತ್ತಿರಲಿಲ್ಲ. ನಾವು ನಟ್ಟು ತಿರುಗಿಸುವ ಪಾನಾವನ್ನು ತಲೆಕೆಳಗಾಗಿ ಹಿಡಿದರೂ, ಬೆರಳು ಜಜ್ಜಿಕೊಂಡರೂ ಕೂತ ಜಾಗದಿಂದಲೇ ಹೇಳುತ್ತಿದ್ದರು. ವಾರದ ನಡುವೆ ಮನೆಯಲ್ಲಿ ಮಾಡುವ ಕೆಲಸವೊಂದನ್ನು ಒಪ್ಪಿಸಿ ಕಳಿಸುತ್ತಿದ್ದರು. ಅದನ್ನು ನಾವೇ ಮಾಡಬೇಕು, ಬೇರೆಯವರ ಕೈ ತಾಗಕೂಡದು. ಮುಂದಿನ ಭಾನುವಾರ ಕೈ ತೋರಿಸುವುದು ಅದಕ್ಕೇ. ಮೊದಲು ಮೊದಲು ನನಗೆ ಇದೆಲ್ಲ ಮುದುಕನ ಜಂಬ ಎನ್ನಿಸುತ್ತಿತ್ತು.

ಎರಡನೆಯ ವರ್ಷ ನನ್ನ ಗ್ರಹಚಾರ ಕೆಟ್ಟಿತು. ಭದ್ರಾವತಿಯಲ್ಲಿದ್ದ ಮಾವನ ಮನೆಗೆ ಹೋಗಿ ವಾಪಸು ಬರುವಾಗ, ಮಲವಗೊಪ್ಪದ ಹತ್ತಿರ ಎದುರಿಗೆ ಬಂದ ಎತ್ತಿನ ಗಾಡಿಗೆ ದಾರಿ ಬಿಡಲು ಹೋಗಿ ಮುಂದಿನ ಚಕ್ರವನ್ನು ಗಾಡಿಯ ಜಾಡಿಗೆ ಇಳಿಸಿದೆ. ನಾನು ಒಂದು ಕಡೆ ಬಿದ್ದೆ, ಸೈಕಲ್ಲು ಒಂದು ಕಡೆ. ನನಗೇನೂ ಆಗಲಿಲ್ಲ. ಚಕ್ರ ಮಾತ್ರ ಕೆಂಡದ ಮೇಲೆ ಸುಟ್ಟ ಹಪ್ಪಳದ ಹಾಗೆ ತಿರುಚಿಕೊಂಡಿತ್ತು. ಗಾಡಿಯವನು, “ಬುಡ್ರಿ ಬುದ್ಧಿ, ಎತ್ಕಂಡ್ ಹೋಗಿ” ಎಂದು ಹೋದ. ಹೊತ್ತುಕೊಂಡೇ ಊರು ಸೇರಿದೆ.

ಮುದುಕರು ಚಕ್ರ ನೋಡಿ, “ರಿಮ್ಮು ಸೀಳಿಲ್ಲ, ಬದುಕ್ತದೆ. ಈ ವಾರ ನಿಮಗೆ ಇದೇ ಕೆಲ್ಸ” ಎಂದರು. ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ ಚಕ್ರ ತಿರುಗಿಸಬೇಕು. ಪಕ್ಕದಲ್ಲಿ ಸೀಮೆಸುಣ್ಣ ಹಿಡಿಯಬೇಕು. ರಿಮ್ಮು ಉಬ್ಬಿದಲ್ಲಿ ಗೀರು ಬೀಳುತ್ತದೆ. ಗೀರು ಬಿದ್ದ ಕಡೆಯ ಕಡ್ಡಿ ಸಡಿಲಿಸಬೇಕು, ಎದುರು ಕಡೆಯದನ್ನು ಬಿಗಿಯಬೇಕು. “ಕಾಲು ಸುತ್ತು ಸಾಮಿ. ಅರ್ಧ ಸುತ್ತು ಅಲ್ಲ. ಅವಸರ ಮಾಡಿದ್ರೆ ಕೆಡ್ತದೆ” ಎಂದು ಎರಡು ಸಲ ಹೇಳಿದರು.

ನಾನು ಅವಸರ ಮಾಡಿದೆ. ಸೋಮವಾರ ಅರ್ಧ ಸುತ್ತು, ಮಂಗಳವಾರ ಪೂರ್ತಿ ಸುತ್ತು. ಬುಧವಾರ ಚಕ್ರ ಎರಡು ಕಡೆಗೂ ಓಲಾಡುವುದರ ಜೊತೆಗೆ ಮೊಟ್ಟೆಯ ಆಕಾರಕ್ಕೂ ಬಂತು. ಗುರುವಾರ ಒಂದು ಕಡ್ಡಿ ಟಣ್ಣೆಂದು ಮುರಿಯಿತು. ನನಗೆ ಸಿಟ್ಟು ಬಂದು ಪಾನಾವನ್ನು ಬಾವಿಕಟ್ಟೆಯ ಆಚೆ ಎಸೆದೆ. ಶುಕ್ರವಾರ ಚಕ್ರ ಬಿಚ್ಚಿ, ಗೋಣಿಚೀಲದಲ್ಲಿ ಸುತ್ತಿ, ಯಾರಿಗೂ ಕಾಣದ ಹಾಗೆ ಪೇಟೆಯ ಸೈಕಲ್ ಅಂಗಡಿಗೆ ಕೊಟ್ಟು ಬಂದೆ. ಶನಿವಾರ ಸಂಜೆ ಅದು ಕುಂಬಾರನ ತಿಗರಿಯ ಹಾಗೆ ಒಂದೇ ಸಮ ತಿರುಗುತ್ತಿತ್ತು.

ಉಳಿದದ್ದು ಕೈಯ ಸಮಸ್ಯೆ. ಭಾನುವಾರ ಬೆಳಿಗ್ಗೆ ಬಚ್ಚಲಿಗೆ ಹೋಗಿ ಹಂಡೆಯ ತಳದ ಮಸಿ ಕೆರೆದು, ಎರಡು ಹನಿ ಎಣ್ಣೆ ಬೆರೆಸಿ, ಬೆರಳಿಗೆಲ್ಲ ಚೆನ್ನಾಗಿ ತಿಕ್ಕಿಕೊಂಡೆ. ಹೊರಗೆ ಬಂದಾಗ ಹೆಂಡತಿ ನಿಂತು ನೋಡಿದಳು.

“ಇದೇನ್ರೀ, ಎಲ್ಲಾರೂ ಕೊಳೆ ತೊಳ್ಕೊಳಕ್ಕೆ ಬಚ್ಚಲಿಗೆ ಹೋಗ್ತಾರೆ, ನೀವು ಹಚ್ಕೊಂಡು ಬರ್ತಿದೀರಲ್ಲ ಮಾರಾಯ್ರೇ?”

ಅವಳಿಗೆ ಏನೋ ಒಂದು ಹೇಳಿ ಹೊರಟೆ. ಚಪ್ಪರದಲ್ಲಿ ಮುದುಕರು ನನ್ನ ಕೈ ಹಿಡಿದು ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತೇ ನೋಡಿದರು. ಆಮೇಲೆ ಚಕ್ರ ತಿರುಗಿಸಲು ಹೇಳಿದರು, ಅದು ನಿಲ್ಲುವವರೆಗೂ ಕಣ್ಣು ಮುಚ್ಚಿ ಕೇಳಿದರು.

“ಚಕ್ರ ಸರಿ ಇದೆ,” ಎಂದರು. ಬೆರಳನ್ನು ಬಟ್ಟೆಗೆ ಒರೆಸಿಕೊಂಡು, “ಮುಂದಿನ ವಾರ ಇಬ್ರು ಹೊಸಬ್ರು ಬರ್ತಾರೆ. ಅವ್ರಿಗೆ ಕಡ್ಡಿ ಕೆಲ್ಸ ನೀವೇ ಹೇಳ್ಕೊಡಿ ಸಾಮಿ” ಎಂದರು.

ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆಗಲೇ, ಅಲ್ಲೇ, ಇದು ನನ್ನ ಕೆಲಸವಲ್ಲ ಎಂದು ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಮೇಷ್ಟರು ಪಕ್ಕದಲ್ಲೇ ನಿಂತು ಭೇಷ್ ಭೇಷ್ ಎನ್ನುತ್ತಿದ್ದರು. ನಾನು ತಲೆಯಾಡಿಸಿದೆ.

ಮನೆಗೆ ಬಂದವನೇ ಬಾವಿಕಟ್ಟೆಯ ಆಚೆಯ ಗಿಡಗಳಲ್ಲಿ ಪಾನಾ ಹುಡುಕಿದೆ. ಸರಿಯಾಗಿದ್ದ ಚಕ್ರದ ಕಡ್ಡಿಗಳನ್ನೆಲ್ಲ ನಾನೇ ಸಡಿಲಿಸಿ ಕೆಡಿಸಿದೆ. ನಂತರ ಬೆಳಿಗ್ಗೆ ಕಚೇರಿಗೆ ಮುಂಚೆ, ಸಂಜೆ ಬೆಳಕು ಇರುವವರೆಗೆ, ಕಾಲು ಸುತ್ತು, ಕಾಲು ಸುತ್ತು ಎಂದು ಬಾಯಲ್ಲಿ ಹೇಳಿಕೊಳ್ಳುತ್ತಾ ಸರಿಮಾಡಿದೆ. ಸರಿಯಾದದ್ದನ್ನು ಮತ್ತೆ ಕೆಡಿಸಿದೆ. ಅಮ್ಮ ನನಗೆ ಗಾಳಿ ಸೋಕಿದೆಯೆಂದು ನಿಂಬೆಹಣ್ಣು ನಿವಾಳಿಸಿದರು. ಗುರುವಾರದ ಹೊತ್ತಿಗೆ ಕಡ್ಡಿಯನ್ನು ಬೆರಳಲ್ಲಿ ಮೀಟಿದರೆ ಬಿಗಿಯೋ ಸಡಿಲವೋ ಎಂದು ಕಿವಿಗೆ ಗೊತ್ತಾಗತೊಡಗಿತು. ಶನಿವಾರ ಚಕ್ರ ನೆಟ್ಟಗೆ ನಿಂತಾಗ ನನಗೆ ಆದ ಸಂತೋಷ, ಮದುವೆಯ ದಿನವೂ ಆಗಿರಲಿಲ್ಲ ಎಂದರೆ ಹೆಂಡತಿ ಬೇಸರ ಮಾಡಿಕೊಳ್ಳಬಾರದು. ಒಂದು ವಸ್ತುವಿನ ಮುಂದೆ ತಾಳ್ಮೆಯಿಂದ ಕೂತು, ಅದು ಹೇಳಿದ್ದನ್ನು ಕೇಳುವುದನ್ನು ನಾನು ಕಲಿತದ್ದು ಆ ವಾರ. ಸಂಸ್ಕೃತ ಪಾಠಶಾಲೆಯಲ್ಲಿ ಆರು ವರ್ಷ ಕೂತು ಕಲಿಯದೇ ಇದ್ದದ್ದು ಅದು.

ಆಮೇಲಿನ ಭಾನುವಾರಗಳಲ್ಲಿ ಕಡ್ಡಿ ಕೆಲಸಕ್ಕೆ ನಾನೇ ಗುರು. ಊರಲ್ಲಿ ನನಗೆ ಸಣ್ಣದೊಂದು ಹೆಸರೂ ಬಂತು. ಗೋಪಾಳದ ಕಡೆಯ ರೈತರು ಕೂಡ ಕಚೇರಿಗೆ ಕಾಗದ ಹಿಡಿದು ಬಂದವರು, “ಸ್ವಾಮೇರಾ, ಹಂಗೇ ನಮ್ ಗಾಲೀನೂ ಒಂಚೂರ್ ನೋಡಿ” ಎನ್ನುತ್ತಿದ್ದರು. ಹೊಗಳಿಕೆ ಬಂದಷ್ಟೂ ನನಗೆ ಒಳಗೆ ಚುಚ್ಚುತ್ತಿತ್ತು. ಇವತ್ತು ಹೇಳುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿ ಹೋದ ಭಾನುವಾರಗಳಿಗೆ ಲೆಕ್ಕವಿಲ್ಲ. ಯಾರಾದರೂ ಎದುರಿಗೆ ಇದ್ದೇ ಇರುತ್ತಿದ್ದರು. ಇಲ್ಲದಿದ್ದರೆ ಮಳೆ ಬರುವ ಹಾಗಿರುತ್ತಿತ್ತು, ಅಥವಾ ಅವರಿಗೆ ಕೆಮ್ಮು ಇರುತ್ತಿತ್ತು. ನೆಪಕ್ಕೆ ಬರವಿರಲಿಲ್ಲ.

ಯುದ್ಧ ಮುಗಿಯುವ ಹೊತ್ತಿಗೆ ಅವರ ಎದೆ ಪೂರ್ತಿ ಕೆಟ್ಟಿತು. ಅಳಿಯ ಬಂದು, ಬೇಡ ಬೇಡ ಎಂದರೂ ಕೇಳದೆ ಭದ್ರಾವತಿಗೆ ಕರೆದುಕೊಂಡು ಹೋದ. ಚಪ್ಪರವನ್ನು ಮೇಷ್ಟರೂ ನಾನೂ ನಡೆಸಿಕೊಂಡು ಹೋಗುತ್ತಿದ್ದೆವು. ಒಂದು ದಿನ ಮೇಷ್ಟರು, “ಇನ್ನು ಜಾಸ್ತಿ ದಿನ ಇಲ್ಲವಂತೆ ಕಣ್ರೀ, ಹೋಗಿ ನೋಡ್ಕೊಂಡು ಬನ್ನಿ” ಎಂದರು. ಕಚೇರಿಗೆ ರಜ ಹಾಕಿ ಸೈಕಲ್ ಹತ್ತಿದೆ. ಹನ್ನೊಂದು ಮೈಲಿ. ಪ್ರತಿ ಮೈಲಿಗಲ್ಲು ಬಂದಾಗಲೂ ಹೇಳಬೇಕಾದ ಮಾತನ್ನು ಒಂದು ಸಲ ಗಟ್ಟಿಯಾಗಿ ಹೇಳಿ ನೋಡಿಕೊಂಡೆ: ಆ ಚಕ್ರ ನಾನು ಸರಿ ಮಾಡಿದ್ದಲ್ಲ, ಅಂಗಡಿಯವನದ್ದು, ತಪ್ಪಾಯಿತು. ಅಷ್ಟೇ ಮಾತು.

ಮನೆಯ ಬಾಗಿಲಿಗೆ ಎದುರಾಗಿ ಆರಾಮಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ಮಗಳು, ಅಳಿಯ, ಪಕ್ಕದ ಮನೆಯವರೊಬ್ಬರು ಸುತ್ತ ಇದ್ದರು. ನನ್ನನ್ನು ನೋಡಿ ಅವರ ಮುಖ ಅರಳಿತು. ನಾನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕುತ್ತಿರುವಾಗ ಮಗಳಿಗೆ ತಮಿಳಿನಲ್ಲಿ ಏನೋ ಹೇಳಿದರು. ಆಕೆ ಕಾಫಿ ಮಾಡುತ್ತೇನೆಂದು ಒಳಗೆ ಹೋದಳು. ಅಳಿಯ ಎಲೆಅಡಿಕೆ ತರಲು ಅಂಗಡಿಗೆ ಹೊರಟ. ಪಕ್ಕದ ಮನೆಯವರೂ ಎದ್ದರು. ನಾನು ಮುಕ್ಕಾಲಿ ಎಳೆದುಕೊಂಡು ಕೂರುವಷ್ಟರಲ್ಲಿ ನಾವಿಬ್ಬರೇ ಉಳಿದಿದ್ದೆವು.

“ಹೇಳಿ ಸಾಮಿ,” ಎಂದರು.

“ಟ್ಯೂಬೇ ಸಿಗ್ತಿಲ್ಲ,” ಎಂದೆ. “ತೇಪೆ ಮೇಲೆ ತೇಪೆ ಹಾಕ್ತಾ ಇದೀವಿ.”

“ಹೌದಾ. ಇನ್ನೇನು?”

“ಚಪ್ಪರಕ್ಕೆ ಇನ್ನೂ ಇಬ್ರು ಬರ್ತಿದಾರೆ. ಆಸ್ಪತ್ರೆ ಕಾಂಪೌಂಡರು ಒಬ್ರು.”

“ಒಳ್ಳೇದು. ಇನ್ನೇನು?”

ಕಾರ್ಖಾನೆಯ ಸೈರನ್ ಆಯಿತು. ನಾನು ಅದು ಮುಗಿಯುವವರೆಗೆ ಕಾದೆ. ಮುಗಿದ ಮೇಲೂ ಕಾದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. “ಇನ್ನೇನಿಲ್ಲ, ನೀವು ಬೇಗ ಹುಷಾರಾಗಿ” ಎಂದೆ. ತುಂಬಾ ಹೊತ್ತಾದ ಮೇಲೆ ಕಾಫಿ ಬಂತು, ಕುಡಿದು ಎದ್ದೆ. ವಾಪಸು ಬರುವಾಗ ನನಗೆ ನಾಚಿಕೆಗಿಂತ ಹೆಚ್ಚಾಗಿ ಹಗುರವೇ ಎನ್ನಿಸಿತು. ಇದನ್ನೂ ಮುಚ್ಚಿಡುವುದಿಲ್ಲ.

ಇಪ್ಪತ್ತು ದಿನಕ್ಕೆ ಅವರು ಹೋದರು. ಸುದ್ದಿ ನಮಗೆ ತಲುಪಿದ್ದು ಎಲ್ಲ ಮುಗಿದ ಮೇಲೆ. ಕರ್ಮಾಂತರ ಕಳೆದ ನಂತರದ ಭಾನುವಾರ ನಾನೊಬ್ಬನೇ ಭದ್ರಾವತಿಗೆ ಹೋದೆ. ಮಗಳು ಜಗಲಿಯಲ್ಲಿ ಚಾಪೆ ಹಾಕಿದಳು. ಸಾವಿನ ಮನೆಯಲ್ಲಿ ಆಡುವ ಮಾತುಗಳನ್ನೆಲ್ಲ ಆಡಿದೆ. ಆಕೆ ಕಣ್ಣು ಒರೆಸಿಕೊಂಡು, “ನೀವು ಅವತ್ತು ಬಂದು ಹೇಳಿದ್ದು ಒಳ್ಳೇದಾಯ್ತು ಸಾರ್” ಎಂದಳು.

“ಏನು ಹೇಳಿದ್ದು?” ಎಂದೆ.

“ಅದೇ, ಆ ಚಕ್ರದ ವಿಷ್ಯ. ಅಪ್ಪಂಗೆ ಕೈ ನೋಡಿದ ದಿನಾನೇ ಗೊತ್ತಾಗಿತ್ತು. ಬೈದ್ರೆ ಬರೋದು ನಿಲ್ಲಿಸ್ತಾರೆ, ಕೆಲ್ಸ ಕೊಟ್ರೆ ಕಲೀತಾರೆ ಅಂತಿದ್ರು. ಒಂದಿನ ಅವ್ರೇ ಬಂದು ಹೇಳ್ತಾರೆ ನೋಡು ಅಂತಿದ್ರು. ಅವತ್ತು ನೀವು ಸೈಕಲ್ ಇಳಿಯೋದು ನೋಡಿ, ‘ಹೇಳಕ್ಕೇ ಬಂದಿದಾರೆ, ಎಲ್ರೂ ಆಚೆ ಹೋಗಿ, ನಿಮ್ಮೆದುರಿಗೆ ಅವ್ರಿಗೆ ಬಾಯಿ ಬರಲ್ಲ’ ಅಂದ್ರು. ನಾನು ಒಳಗೆ ಕಾಫಿ ಎರಡು ಸಲ ಬಿಸಿ ಮಾಡ್ದೆ.”

ನಾನು ಹೊರಡಲು ಚಾಪೆಯಿಂದ ಎದ್ದೆ.

“ನೀವು ಹೋದ್ಮೇಲೆ, ಹೇಳಿದ್ರಾಪ್ಪ ಅಂತ ಕೇಳ್ದೆ. ‘ಹೇಳಿದ್ರಮ್ಮ, ಒಂದೂ ಬಿಡದೆ ಹೇಳಿದ್ರು’ ಅಂದ್ರು. ಅವತ್ತು ಎರಡು ತುತ್ತು ಜಾಸ್ತೀನೇ ಊಟ ಮಾಡಿದ್ರು.”

ಆ ಮಾತನ್ನು ಹಾಗೇ ಇಟ್ಟುಕೊಂಡು ಹೊರಟು ಬರಬಹುದಿತ್ತು. ಆಕೆಗೂ ಸಮಾಧಾನ, ನನಗೂ ಮರ್ಯಾದೆ. ಕಾಲಿಗೆ ಚಪ್ಪಲಿಯನ್ನೂ ಹಾಕಿಕೊಂಡಿದ್ದೆ.

“ಇಲ್ಲ ತಾಯಿ,” ಎಂದೆ. “ನಾನು ಹೇಳಲಿಲ್ಲ.”

“ಅಪ್ಪ ಸುಳ್ಳು ಹೇಳಿದ್ದನ್ನ ನಾನು ಹುಟ್ಟಿದಾಗಿಂದ ಕೇಳಿಲ್ಲ ಸಾರ್,” ಎಂದಳು ಆಕೆ. ನಾನು ಚಪ್ಪಲಿ ಬಿಟ್ಟು ಮತ್ತೆ ಆ ಚಾಪೆಯ ಮೇಲೇ ಕೂತು, ಹೆಣ್ಣುಮಗಳ ಎದುರು ಎನ್ನುವುದನ್ನೂ ನೋಡದೆ, ಗಟ್ಟಿಯಾಗಿ ಅತ್ತುಬಿಟ್ಟೆ.