ಮನೆಯಲ್ಲೇ ಕೂತ ಅಳಿಯ

ಬ್ರಿಸ್ಬೇನಿನಲ್ಲಿ ನಾವು ಸೇಂಟ್ ಲೂಸಿಯಾದಲ್ಲಿದ್ದೆವು. ಬೆಳಗ್ಗೆ ಫೆರಿ ಹತ್ತಿ ಸಿಟಿಯ ಆಫೀಸಿಗೆ ಹೋಗಿ, ಸಂಜೆ ಹೊಳೆಯ ಗಾಳಿಗೆ ಮುಖ ಕೊಟ್ಟುಕೊಂಡು ವಾಪಸ್ ಬರುವ ಆ ಓಡಾಟ ನನಗೆ ಬಹಳ ಇಷ್ಟವಾಗಿತ್ತು. ಡಾಕ್ಟರಾಗಿದ್ದ ಹೆಂಡತಿಗೆ ದೂರದ ಅಡಿಲೇಡಿನ ಬೆಡ್‌ಫರ್ಡ್ ಪಾರ್ಕಿನ ದೊಡ್ಡ ಆಸ್ಪತ್ರೆಯಲ್ಲಿ ತರಬೇತಿಗೆ ಜಾಗ ಸಿಕ್ಕಾಗ ಮಗಳು ಆಗತಾನೇ ಶಾಲೆಗೆ ಸೇರಿದ್ದಳು. ಬೇರೆ ಬೇರೆ ಊರಲ್ಲಿರುವುದು ನಮ್ಮಿಬ್ಬರಿಗೂ ಬೇಡವಾಗಿತ್ತು. ರಾಜೀನಾಮೆ ಕೊಡಲು ಮ್ಯಾನೇಜರ್ ಹತ್ತಿರ ಹೋದೆ.

ಆಕೆ ನಿವೃತ್ತಿಗೆ ಹತ್ತಿರವಾಗಿದ್ದ ಆಸ್ಟ್ರೇಲಿಯನ್ ಹೆಂಗಸು, ಮಾತು ಕಮ್ಮಿ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಈ ಕುರ್ಚಿಯಲ್ಲಿ ಕೂತು ಮಾಡುವ ಯಾವ ಕೆಲಸವನ್ನು ಅಲ್ಲಿ ಕೂತು ಮಾಡಲಾಗುವುದಿಲ್ಲ ಎಂದು ಕೇಳಿದರು. ಕಂಪನಿಯಲ್ಲಿ ಆವರೆಗೆ ಯಾರೂ ಹಾಗೆ ಮಾಡಿರಲಿಲ್ಲ. ಮನೆಯಲ್ಲಿ ಅವನು ಕೆಲಸ ಮಾಡುತ್ತಾನೋ ಮಲಗಿರುತ್ತಾನೋ ನೋಡುವವರು ಯಾರು ಎಂದು ಮೇಲಿನವರು ಆಕ್ಷೇಪಿಸಿದರಂತೆ. ಜವಾಬ್ದಾರಿ ನನ್ನದು ಎಂದು ಆಕೆ ಬರೆದುಕೊಟ್ಟರು.

ಹಾಗೆ ಅಡಿಲೇಡಿನ ಬಾಡಿಗೆ ಮನೆಯ ಹಿಂದಿನ ಕೋಣೆ ನನ್ನ ಆಫೀಸಾಯಿತು. ಎರಡು ಊರಿನ ಗಡಿಯಾರಗಳಿಗೆ ಅರ್ಧ ಗಂಟೆಯ ವ್ಯತ್ಯಾಸ. ಚಳಿಗಾಲದಲ್ಲಿ ನಾನು ಬ್ರಿಸ್ಬೇನಿನವರಿಗಿಂತ ಹಿಂದೆ; ಬೇಸಿಗೆಯಲ್ಲಿ ಅಡಿಲೇಡಿನವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಅವರಿಗಿಂತ ಮುಂದೆ. ಮಧ್ಯಾಹ್ನ ಸ್ವಲ್ಪ ಹೊತ್ತು ಬಿಡುವು ಮಾಡಿಕೊಂಡು ಮಗಳನ್ನು ಶಾಲೆಯಿಂದ ಕರೆತಂದು, ತಿನ್ನಲು ಕೊಟ್ಟು, ಮತ್ತೆ ಕೂರುತ್ತಿದ್ದೆ.

ಮೊದಲ ವರ್ಷದ ಕೊನೆಗೆ ಮೈಸೂರಿನಿಂದ ಅತ್ತೆ ಬಂದರು. ಮಾವನವರು ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ಬೆಳಗ್ಗೆ ಅವರ ಮಗಳು ಆಸ್ಪತ್ರೆಗೆ, ಮೊಮ್ಮಗಳು ಶಾಲೆಗೆ. ಅಳಿಯ ಮಾತ್ರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಅತ್ತೆ ಏನೂ ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೇ ನನಗೆ ಸ್ವಲ್ಪ ಕಸಿವಿಸಿಯಾಗುತ್ತಿತ್ತು. ಊಟಕ್ಕೆ ಬಡಿಸುವಾಗ ಅವರ ದನಿಯಲ್ಲಿ ವಿಶೇಷ ಮೆದುತನ. ಇನ್ನೊಂದು ಚಪಾತಿ ಬೇಡವೆಂದರೂ ಬಿಡುತ್ತಿರಲಿಲ್ಲ.

ಎರಡು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ನನ್ನ ಕೋಣೆಗೆ ಕಾಫಿ ತಂದಿಟ್ಟವರು ಹೊರಗೆ ಹೋಗದೆ ಅಲ್ಲಿದ್ದ ಮಂಚದ ತುದಿಯಲ್ಲಿ ಕೂತರು.

"ಕೆಲ್ಸ ಹೋಗೋದು ಯಾರಿಗಾದ್ರೂ ಆಗತ್ತೆ," ಎಂದರು. "ನೀವು ಮನಸ್ಸಿಗೆ ಹಚ್ಕೋಬೇಡಿ. ಅವಳಿಗೆ ಗೊತ್ತಿಲ್ಲ ಅಂದ್ರೆ ನಾನೂ ಹೇಳಲ್ಲ."

ನನಗೆ ಮೊದಲು ನಗು ಬಂತು. ಕೆಲಸ ಹೋಗಿಲ್ಲ ಎಂದು ಹೇಳಹೊರಟೆ. ಅವರು ಕೈಯೆತ್ತಿ ತಡೆದರು.

"ನಿಮ್ಮ ಮಾವನೋರ ಫ್ಯಾಕ್ಟರಿ ಮುಚ್ಚಿದಾಗ ಅವ್ರೂ ಹೇಳ್ಲಿಲ್ಲ. ದಿನಾ ಡಬ್ಬಿ ತಗೊಂಡು ಹೋಗೋರು. ಪಾರ್ಕಲ್ಲಿ ಕೂತಿದ್ದು ಸಂಜೆ ಬರೋರು. ನಂಗೆ ಮೊದಲನೇ ವಾರಾನೇ ಗೊತ್ತಾಗಿತ್ತು. ಗೊತ್ತು ಅಂದ್ರೆ ಅವ್ರಿಗೆ ಬೇಜಾರಾಗತ್ತೆ ಅಂತ ಸುಮ್ನೆ ಡಬ್ಬಿ ಕಟ್ಟಿ ಕೊಡ್ತಿದ್ದೆ."

ನನ್ನ ನಗು ಅಲ್ಲೇ ನಿಂತಿತು. ಆ ದಿನಗಳಲ್ಲಿ ಅತ್ತೆ ಮನೆಯಲ್ಲೇ ಹೊಲಿಗೆ ಮೆಷಿನ್ ಹಾಕಿಕೊಂಡು ಬೀದಿಯವರ ರವಿಕೆ ಹೊಲಿದರಂತೆ. ಮಾವನವರಿಗೆ ಬೇರೆ ಕಡೆ ಕೆಲಸ ಸಿಕ್ಕ ಮೇಲೂ ಬಿಡಲಿಲ್ಲವಂತೆ. ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಇದ್ಯಾವುದೂ ತಿಳಿದಿರಲಿಲ್ಲ.

ಮಾತಿನಲ್ಲಿ ಹೇಳಿದರೆ ಅವರು ನಂಬುವಂತೆ ಕಾಣಲಿಲ್ಲ. ಮರುದಿನ ಬೆಳಗಿನ ಮೀಟಿಂಗಿಗೆ ಪಕ್ಕದಲ್ಲೇ ಕುರ್ಚಿ ಹಾಕಿ ಕೂರಿಸಿದೆ. ಅತ್ತೆ ಸೀರೆ ಬದಲಾಯಿಸಿ, ತಲೆ ಬಾಚಿಕೊಂಡು ಬಂದರು. ಪರದೆಯಲ್ಲಿ ಬ್ರಿಸ್ಬೇನಿನವರೆಲ್ಲ ಸಾಲಾಗಿ ಕಂಡರು. ನಾನು ವಿಷಯ ಹೇಳಿದಾಗ ಜೊತೆಗೆ ಕೆಲಸ ಮಾಡುವ ಹುಡುಗರು ನಕ್ಕರು, ಮ್ಯಾನೇಜರ್ ನಗಲಿಲ್ಲ. ಕ್ಯಾಮೆರಾದ ಹತ್ತಿರಕ್ಕೆ ಬಂದು, ನಿಧಾನವಾಗಿ ಒಂದೊಂದೇ ಪದ ಬಿಡಿಸಿ ಇಂಗ್ಲಿಷಿನಲ್ಲಿ ಹೇಳಿದರು: ನಿಮ್ಮ ಅಳಿಯನಿಗೆ ಕೆಲಸ ಇದೆ, ನಮಗೆ ಅವನು ಬೇಕು, ಸಂಜೆಯವರೆಗೆ ಅವನನ್ನು ನಮಗೆ ಬಿಟ್ಟುಕೊಡಿ. ನಾನು ಅನುವಾದಿಸುವ ಮೊದಲೇ ಅತ್ತೆ ಕೈಮುಗಿದಿದ್ದರು.

ಮೀಟಿಂಗ್ ಮುಗಿದ ಮೇಲೆ ಅತ್ತೆ ಹೊರಗೆ ಬಂದು, "ಮನೇಲಿ ಕೂತು ಮಾಡೋ ಕೆಲ್ಸ ಯಾರ ಕಣ್ಣಿಗೂ ಕೆಲ್ಸ ಅಂತ ಕಾಣಲ್ಲ ನೋಡಿ. ನಂಗೂ ಕಾಣ್ಲಿಲ್ಲ," ಎಂದರು. ಹೊಲಿಯಲು ಕೂತಾಗ ಹರಟೆಗೆಂದು ಬಂದು ಗಂಟೆಗಟ್ಟಲೆ ಏಳದ ಅಕ್ಕಪಕ್ಕದವರನ್ನು ನೆನೆಸಿಕೊಂಡಿರಬೇಕು. ಅಂದಿನಿಂದ ಆ ಕೋಣೆಗೆ ಅವರೇ ಕಾವಲು. ಮೀಟಿಂಗ್ ನಡೆಯುವಾಗ ಕುಕ್ಕರ್ ಇಡುತ್ತಿರಲಿಲ್ಲ. ಮಗಳು ಬಾಗಿಲು ತಳ್ಳಿದರೆ "ಅಪ್ಪ ಆಫೀಸಲ್ಲಿದಾರೆ" ಎಂದು ಎಳೆದುಕೊಂಡು ಹೋಗುವರು. "ಬಟ್ ಹೀ ಈಸ್ ರೈಟ್ ದೇರ್, ಅಜ್ಜಿ" ಎಂದು ಅವಳು ವಾದಿಸುವಳು.

ಒಂದು ಭಾನುವಾರ ಊಟದ ಹೊತ್ತಿನಲ್ಲಿ ಅತ್ತೆ ತಾವಾಗಿಯೇ ಮಾವನವರ ಡಬ್ಬಿಯ ಕಥೆಯನ್ನು ಹೆಂಡತಿಗೆ ಹೇಳಿದರು.

"ಆವಾಗ ಅಪ್ಪ ದಿನಾ ಡಬ್ಬೀಲಿ ಸಂಪಿಗೆ ಹೂವು ತರ್ತಿದ್ರು," ಎಂದಳು ಅವಳು. "ಫ್ಯಾಕ್ಟರೀಲಿ ಸಂಪಿಗೆ ಮರ ಇದೆ ಅಂದ್ಕೊಂಡಿದ್ದೆ ನಾನು."

ಅತ್ತೆ ಎದ್ದು ಮಜ್ಜಿಗೆ ತರಲು ಒಳಗೆ ಹೋದರು, ಬರುವುದು ತಡವಾಯಿತು.

ಅವರು ಇದ್ದಷ್ಟು ತಿಂಗಳೂ ಮಧ್ಯಾಹ್ನ ನಾವಿಬ್ಬರೇ ಊಟಕ್ಕೆ ಕೂರುತ್ತಿದ್ದೆವು. ನಾನು ಹಿಂದಿನಂತೆ ಫೆರಿಯಲ್ಲಿ ಆಫೀಸಿಗೆ ಓಡಾಡಿಕೊಂಡಿದ್ದರೆ ಅತ್ತೆ ನನಗೆ ಸಂಜೆ ಹೊತ್ತು ಕುಶಲ ಕೇಳುವ ನೆಂಟರಾಗಿಯೇ ಉಳಿದುಬಿಡುತ್ತಿದ್ದರೇನೋ.

ಅತ್ತೆ ಮೈಸೂರಿಗೆ ಮರಳಿದ ಮರುವರ್ಷ ಕಂಪನಿಗೆ ಹೊಸ ಮುಖ್ಯಸ್ಥರು ಬಂದು, ಎಲ್ಲರೂ ಆಫೀಸಿನಲ್ಲೇ ಇರಬೇಕೆಂದರು. ಮ್ಯಾನೇಜರ್ ನನಗಾಗಿ ಜಗಳವಾಡಿ ಸೋತರು. ಸುದ್ದಿಯನ್ನು ಈಮೇಲಿನಲ್ಲಿ ಹೇಳುವುದು ಬೇಡವೆಂದು ಆಕೆ ವಿಮಾನ ಹತ್ತಿ ಅಡಿಲೇಡಿಗೇ ಬಂದರು. ಹಿತ್ತಲಲ್ಲಿ ಕೂತು ಟೀ ಕುಡಿದು, ಇನ್ನೂ ಸ್ವಲ್ಪ ದಿನ ಇದನ್ನು ಹೀಗೇ ತಳ್ಳಿಕೊಂಡು ಹೋಗಬಹುದೆಂದು ನಂಬಿದ್ದೆ ಎಂದರು. ಆಕೆಯ ಕಣ್ಣು ತುಂಬಿದ್ದನ್ನು ನಾನು ಮೊದಲ ಸಲ ನೋಡಿದೆ.

ಅಡಿಲೇಡಿನಲ್ಲೇ ಬೇರೆ ಕೆಲಸ ಹಿಡಿದೆ, ದಿನಾ ಟ್ರೇನಿನಲ್ಲಿ ಸಿಟಿಗೆ. ಒಳ್ಳೆಯ ಆಫೀಸು, ಒಳ್ಳೆಯ ಜನ. ಮಗಳು ಶಾಲೆ ಮುಗಿದ ಮೇಲೆ ಅಲ್ಲೇ ಆಟಕ್ಕೆ ಉಳಿಯುವುದನ್ನು ಕಲಿತಳು. ಮೊದಲ ವಾರ ಮಾತ್ರ, ಆರ್ವೋದಲ್ಲಿ, ಎಂದರೆ ಮಧ್ಯಾಹ್ನ, ಕರ್ಕೊಂಡು ಹೋಗೋಕೆ ಯಾಕೆ ಬರಲ್ಲ ಎಂದು ದಿನವೂ ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟಳು. ನನಗೆ ಮಾತ್ರ ಶಾಲೆ ಬಿಡುವ ಹೊತ್ತಿಗೆ, ಯಾವ ಮೀಟಿಂಗಿನಲ್ಲಿದ್ದರೂ ಕಣ್ಣು ಗೋಡೆಯ ಗಡಿಯಾರದ ಕಡೆ ಹೋಗುವುದು ಬಹಳ ಕಾಲ ತಪ್ಪಲಿಲ್ಲ.