ತಂಬಿರಾನ್ ಹೆಸರಿನ ಆಕ್ಷೇಪಣೆ

ದುರೈಗೆ ಇಪ್ಪತ್ತಮೂರು ದಿನದ ಕೂಲಿ ಇನ್ನೂ ಬರಬೇಕು. ದುರೈ ಸತ್ತು ನಾಲ್ಕು ವರ್ಷವಾಯಿತು.

ಕೂಲಿ ಲಂಟಾನ ಕಿತ್ತದ್ದಕ್ಕೆ. ಊರಿನ ಬಾಯಲ್ಲಿ ಅದು ಉಣ್ಣಿಗಿಡ. ತಮಿಳುನಾಡಿನ ಬೋಡಿನಾಯಕನೂರಿನ, ಜನ ಬೋಡಿ ಎನ್ನುವ ಪೇಟೆಯ, ಪಡುವಣಕ್ಕೆ, ಮಲೆ ಏರುವಲ್ಲಿ, ಅರಣ್ಯ ಇಲಾಖೆಯ ನೆಲವನ್ನೆಲ್ಲ ಅದು ನುಂಗಿ ಕೂತಿದೆ. ದಿಂಡಿಗಲ್ಲಿನ ಗುತ್ತಿಗೆದಾರನೊಬ್ಬ ಅದನ್ನು ತೆಗೆಸುವ ಕೆಲಸ ಹಿಡಿದಿದ್ದ. ದುರೈ ಅವನ ಆಳು. ಇಪ್ಪತ್ತಮೂರನೆಯ ದಿನ, ಒಂದು ಮಂಗಳವಾರ, ಸಂಜೆ ಮನೆಗೆ ಬರಲಿಲ್ಲ. ಶುಕ್ರವಾರ ಬೆಳಿಗ್ಗೆ ಅದೇ ಗಿಡದ ಪೊದೆಯೊಳಗೆ ಹೆಣವಾಗಿ ಸಿಕ್ಕ. ಕಾಟಿ, ಅಂದರೆ ಕಾಡುಕೋಣ, ತೊಡೆ ಸೀಳಿತ್ತು. ಆ ಹೊತ್ತಿನಲ್ಲಿ ಅವನು ಕೆಲಸದಲ್ಲಿದ್ದನೋ ದನದ ಹಿಂದೆ ಹೋಗಿದ್ದನೋ ಎಂಬ ವಿಚಾರಣೆ ಮುಗಿಯುವ ತನಕ ಕೂಲಿಯೂ ಇಲ್ಲ ಪರಿಹಾರವೂ ಇಲ್ಲ ಎಂದು ಗುತ್ತಿಗೆದಾರ ಕೈತೊಳೆದುಕೊಂಡ. ವಿಚಾರಣೆ ಮುಗಿಯಲಿಲ್ಲ. ಮುಗಿಸಬೇಕಾದವರಿಗೆ ಅವಸರವಿರಲಿಲ್ಲ.

ಅವನ ಹೆಂಡತಿ ಮುನಿಯಮ್ಮಾಳ್‌ಗೆ ಈಗ ಐವತ್ತಾರು. ಬೋಡಿಯ ಮಂಡಿಯೊಂದರಲ್ಲಿ ಏಲಕ್ಕಿ ಆರಿಸುತ್ತಾಳೆ. ನೆಲದ ಮೇಲೆ ಕೂತು ಹಸಿರು ಕಾಯಿ ಒಂದು ಕಡೆ, ಬಿಳಿಚಿದ್ದು ಒಂದು ಕಡೆ, ಬಾಯಿಬಿಟ್ಟದ್ದು ಇನ್ನೊಂದು ಕಡೆ ತಳ್ಳುವ ಕೆಲಸ. ಏಲಕ್ಕಿಯ ಘಾಟಿನಲ್ಲಿ ದಿನವಿಡೀ ಮುಳುಗಿದ್ದರೂ ಊರ ದಾರಿಯ ತಿರುವಿನಲ್ಲಿ ಅವಳ ಮೂಗಿಗೆ ಉಣ್ಣಿಗಿಡದ ವಾಸನೆ ಹೊಡೆಯುತ್ತದೆ. ಹಿತ್ತಿಲಿನಲ್ಲಿ ತರಗೆಲೆ ಸರಸರ ಎಂದರೆ ಉಣ್ಣುವ ತಟ್ಟೆ ಬಿಟ್ಟು ಏಳುತ್ತಾಳೆ. ಹೋಗಿ ಬೇಲಿ ಬಗ್ಗಿಸಿ ನೋಡುತ್ತಾಳೆ. ಕೋಳಿಯೋ ಓತಿಕ್ಯಾತವೋ ಇರುತ್ತದೆ. ಮತ್ತೆ ಬಂದು ಕೂರುತ್ತಾಳೆ. ಹೀಗೆ ನಾಲ್ಕು ವರ್ಷ. ಯಾಕೆ ಎಂದು ಯಾರೂ ಕೇಳಿಲ್ಲ, ಅವಳೂ ಹೇಳಿಲ್ಲ.

ತಿಂಗಳ ಮೊದಲ ಸೋಮವಾರ ಅರ್ಧ ದಿನದ ಸಂಬಳ ಬಿಟ್ಟು ಅರಣ್ಯ ಕಚೇರಿಗೆ ಹೋಗುತ್ತಾಳೆ, ದುರೈಯ ಕಡತ ಎಲ್ಲಿಗೆ ಬಂತು ಎಂದು ಕೇಳಲು. ಅದಕ್ಕೇ ಆ ಮೇ ತಿಂಗಳಲ್ಲಿ ಗೋಡೆಗೆ ಅಂಟಿಸಿದ್ದ ಪ್ರಕಟಣೆ ಊರಿನಲ್ಲಿ ಅವಳೊಬ್ಬಳ ಕಣ್ಣಿಗೆ ಬಿತ್ತು. ತಮಿಳು ಅಕ್ಷರ ಅವಳು ಕೂಡಿಸಿ ಓದಬಲ್ಲಳು. ಮಲೆಯ ಇಳಿಜಾರಿನಲ್ಲಿ ಆಕ್ರಮಣಕಾರಿ ಗಿಡ ನಾಶ ಮಾಡಲಾಗುವುದು. ಯಂತ್ರದಿಂದ ಕಳೆನಾಶಕ ಸಿಂಪಡಿಸಲಾಗುವುದು. ಆಕ್ಷೇಪಣೆ ಇರುವ ಸಾರ್ವಜನಿಕರು ಮೂವತ್ತು ದಿನದೊಳಗೆ ಬರೆದು ಕೊಡಬಹುದು. ಕೆಳಗೆ ಎಲ್ಲೆ ಕಟ್ಟು ಹೇಳಿತ್ತು. ಬಡಗಲಿಗೆ ಕರಿದೊಣೆ.

ಕರಿದೊಣೆ ಬಂಡೆಯಲ್ಲಿ ನೀರು ನಿಲ್ಲುವ ಗುಳಿ. ಬೇಸಗೆಯಲ್ಲೂ ಬತ್ತದು. ಅಲ್ಲಿ ನೀರು ಕುಡಿಯುವುದು ತಂಬಿರಾನ್ ಮಂದೆ.

ಇದನ್ನು ಹೇಳದೆ ಮುಂದಿನದು ತಿಳಿಯದು. ಆ ಊರಿನ ಕನ್ನಡ ಮನೆಮಾತಿನ ರೈತರಿಗೆ ದೇವರ ದನದ ಮಂದೆಯೊಂದಿದೆ, ಎಪ್ಪತ್ತೆಂಬತ್ತು ತಲೆ. ತಂಬಿರಾನ್ ಎಂದರೆ ಒಡೆಯ, ಅವರ ದೇವರು. ಈ ದನವನ್ನು ಮಾರುವುದಿಲ್ಲ, ನೊಗಕ್ಕೆ ಕಟ್ಟುವುದಿಲ್ಲ, ಸತ್ತರೆ ಹೂಳುತ್ತಾರೆ. ಮಂದೆಯಲ್ಲಿ ಒಂದು ಕರುವಿಗೂ ಮನುಷ್ಯ ಒಡೆಯನಿಲ್ಲ. ಬಾಯಿತಪ್ಪಿ ‘ನನ್ನ ದನ’ ಎಂದವನು ದೊಡ್ಡಿಯ ಬಾಗಿಲಲ್ಲಿ ತಪ್ಪುಕಾಣಿಕೆ ಇಡಬೇಕು. ಕಾಡಿಗೆ ದನ ಬಿಡಬಾರದೆಂದು ಸರ್ಕಾರ ಹೇಳಿದ ಮೇಲೂ ಮಂದೆ ದೊಣೆಗೆ ಹೋಗುವುದು ನಿಂತಿಲ್ಲ. ಎಲ್ಲರಿಗೂ ಗೊತ್ತು, ಕಾಗದದಲ್ಲಿ ಮಾತ್ರ ಇಲ್ಲ.

ಮುನಿಯಮ್ಮಾಳ್ ಆಕ್ಷೇಪಣೆಯ ನಮೂನೆ ಕೇಳಿದಾಗ ಅರಣ್ಯ ರಕ್ಷಕ ಜೆಯರಾಜ್ ಕನ್ನಡಕ ಮೇಲೇರಿಸಿದ. ‘‘ನಿನ್ನ ಗಂಡನ್ನ ತಿಂದ ಗಿಡ ಅಮ್ಮಾ. ಮೊದಲು ಅದು ಸಾಯಲಿ ಅನ್ನಬೇಕಾದವಳು ನೀನು.’’

‘‘ಗಿಡ ಸಾಯಲಿ ಸಾರ್. ಬೇಡ ಅಂದವರು ಯಾರು? ನಮ್ಮನೆಯವರು ಬುಡದ ಕೆಳಗೆ ಕಡಿದು, ಬೇರು ಮೇಲಾಗಿ ತಲೆಕೆಳಗು ಇಡ್ತಿದ್ದರು. ಅವರು ಕಿತ್ತ ಜಾಗದಲ್ಲಿ ಇವತ್ತಿಗೂ ಒಂದು ಚಿಗುರಿಲ್ಲ, ಓಗಿ ನೋಡಿ. ಔಷಧಿ ಒಡೆದರೆ ಮಳೆಗೆ ದೊಣೆಗಿಳೀತದೆ.’’

‘‘ಕೈಯಲ್ಲಿ ಕೀಳಿಸಿದರೆ ಹತ್ತು ವರ್ಷ ಬೇಕು.’’

‘‘ಆಗಲಿ. ಗಿಡ ಬರೋಕೆ ನೂರು ವರ್ಷ ಇಡೀತಲ್ಲ.’’

ನಮೂನೆ ತಂದು ಅಣ್ಣನ ಮಗಳು ತಮಿಳರಸಿಯ ಮುಂದಿಟ್ಟಳು. ತಮಿಳರಸಿಗೆ ಬೋಡಿಯ ಬಸ್ ನಿಲ್ದಾಣದ ಹತ್ತಿರ ಜೆರಾಕ್ಸ್ ಅಂಗಡಿ. ಮನೆಮಾತು ಅರ್ಥವಾಗುತ್ತದೆ, ಬಾಯಿ ತೆರೆದರೆ ಅರ್ಧ ತಮಿಳು. ಆಕ್ಷೇಪಿಸುವವರ ಹೆಸರು, ವಿಳಾಸ, ಬಾಧೆಗೊಳಗಾಗುವ ಸ್ವತ್ತು, ಸ್ವತ್ತಿನ ಒಡೆಯರು. ಒಡೆಯರು ಎಂಬಲ್ಲಿ ಬಂದು ಪೆನ್ನು ನಿಂತಿತು.

‘‘ನಿಂಗಳ್ ಹೆಸರೇ ಆಕಲಾ ಅತ್ತೆ?’’

‘‘ಅಯ್ಯೋ, ಬೇಡ. ತಂಗವೇಲ್ ಮಾಮನ್ನ ಕೇಳು.’’

ತಂಗವೇಲ್ ಮಂದೆಯ ಹಿರಿಯ. ಎಪ್ಪತ್ತು ದಾಟಿದ ಒಣಕಲು ಮನುಷ್ಯ. ವೀಳ್ಯದೆಲೆ ಅಗಿಯುತ್ತ ಕಾಗದವನ್ನು ಒಮ್ಮೆ ನೋಡಿ, ‘‘ಒಡೆಯ ಯಾರು ಅಂತ ಕೇಳವ್ರೆ. ಒಡೆಯನ ಎಸರೇ ಬರಿ’’ ಎಂದ.

‘‘ತಾತಾ, ದೇವರು ಹೇಗೆ ಅರ್ಜಿ ಕೊಡೋದು?’’

‘‘ಬೇರೆಯವರ ಎಸರು ಬರೆದು ತಪ್ಪುಕಾಣಿಕೆ ನೀನು ಇಡ್ತೀಯಾ?’’

ಹಾಗೆ ಅರ್ಜಿ ತಯಾರಾಯಿತು. ಆಕ್ಷೇಪಿಸುವವರು: ತಂಬಿರಾನ್. ವಿಳಾಸ: ಮಂದೆ ದೊಡ್ಡಿ. ಒಡೆಯರು: ತಂಬಿರಾನ್. ಊರಿನವರು ಯಾರೂ ಸಹಿ ಹಾಕಲಿಲ್ಲ. ದೇವರ ಹೆಸರಿನ ಕೆಳಗೆ ಮನುಷ್ಯರ ಹೆಬ್ಬೆಟ್ಟು ಒತ್ತುವುದು ಅತಿಯಾಯಿತೆಂದು ತಂಗವೇಲ್ ತೀರ್ಮಾನಿಸಿದ. ಮುನಿಯಮ್ಮಾಳ್ ಅದನ್ನು ಇಪ್ಪತ್ತನೆಯ ದಿನ ಕೊಟ್ಟು ಮೊಹರು ಹಾಕಿಸಿಕೊಂಡು ಬಂದಳು.

ಇಪ್ಪತ್ತೆಂಟನೆಯ ದಿನ ವಿಚಾರಣೆಗೆ ಜಿಲ್ಲಾ ಕೇಂದ್ರ ತೇನಿಗೆ ಬರಲು ಕರೆ ಬಂತು. ದೊಡ್ಡ ಕೋಣೆ. ಇಲಾಖೆಯವರು ಎಂಟು ಮಂದಿ. ಈ ಕಡೆ ಮುನಿಯಮ್ಮಾಳ್, ತಮಿಳರಸಿ, ತಂಗವೇಲ್. ಅಧಿಕಾರಿ ತಮಿಳಿನಲ್ಲಿ ಕೂಗಿದ, ‘‘ಆಕ್ಷೇಪಣೆದಾರರು ತಂಬಿರಾನ್. ಬಂದಿದ್ದಾರಾ?’’

ಹಿಂದೆ ಯಾರೋ ಕಿಸಕ್ಕೆಂದರು.

‘‘ಅವರು ದೊಡ್ಡಿ ಬಿಟ್ಟು ಬರೋದಿಲ್ಲ ಸಾರ್. ನಾವು ಬಂದಿದೀವಿ’’ ಎಂದಳು ಮುನಿಯಮ್ಮಾಳ್.

ಅಧಿಕಾರಿ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ‘‘ದೇವರ ಮೇಲೆ ನನಗೂ ಭಕ್ತಿ ಇದೆ ಅಮ್ಮಾ. ಆದರೆ ಹೆಸರು, ಸಹಿ ಇರುವ ಒಬ್ಬ ಮನುಷ್ಯನಿಗೆ ಬಾಧೆಯಾಗಬೇಕು. ಆ ಜಾಗಕ್ಕೆ ನಿಮಗೇನು ಸಂಬಂಧ? ಕಾಗದ ಇದೆಯಾ?’’

ಅರ್ಜಿಯ ಮೇಲೆ ‘ತಿರಸ್ಕೃತ’ ಎಂದು ಬಿತ್ತು. ಇನ್ನು ಎರಡು ದಿನ ಉಳಿದಿತ್ತು.

ಮೂವರೂ ಬೋಡಿಯ ಬಸ್ಸು ಹತ್ತಿದರು. ಇಳಿದವಳೇ ಮುನಿಯಮ್ಮಾಳ್ ಮನೆಗೆ ಹೋಗಿ ಪೆಟ್ಟಿಗೆಯ ತಳದಿಂದ ಒಂದು ಕಟ್ಟು ತೆಗೆದಳು. ಪೊಲೀಸರ ಸ್ಥಳ ಮಹಜರು, ಆಸ್ಪತ್ರೆಯ ಶವಪರೀಕ್ಷೆ ವರದಿ. ಕೈಗೆ ಬಂದ ದಿನ ಬಟ್ಟೆಯಲ್ಲಿ ಸುತ್ತಿಟ್ಟದ್ದು. ಬಿಚ್ಚಿರಲಿಲ್ಲ, ಯಾರಿಂದಲೂ ಓದಿಸಿರಲಿಲ್ಲ. ಆ ಜಾಗಕ್ಕೂ ಅವಳಿಗೂ ಸಂಬಂಧ ಹೇಳುವ ಕಾಗದ ಲೋಕದಲ್ಲಿ ಇದೊಂದೇ.

ಜೆರಾಕ್ಸ್ ಅಂಗಡಿಯ ಸ್ಟೂಲಿನ ಮೇಲೆ ಕೂತು, ‘‘ಪೂರ್ತಿ ಓದು’’ ಎಂದಳು. ತಂಗವೇಲ್ ಬಾಗಿಲಲ್ಲಿ ನಿಂತಿದ್ದ.

ಮಹಜರಿನಲ್ಲಿ ಜಾಗ ನಮೂದಾಗಿತ್ತು. ಕರಿದೊಣೆಯಿಂದ ತೆಂಕಲಿಗೆ ನಲವತ್ತು ಅಡಿ. ತಮಿಳರಸಿ ಮುಂದಿನ ಹಾಳೆ ತಿರುವಿದಳು. ಗಾಯ ಇಷ್ಟು, ಉದ್ದ ಇಷ್ಟು. ಆಮೇಲೆ ನಿಂತಳು.

‘‘ಯಾಕೆ ನಿಂತೆ?’’

‘‘ಒಂದೂ ಇಲ್ಲೆ ಅತ್ತೆ.’’

‘‘ಇರೋದನ್ನ ಓದು.’’

‘‘ಪರೀಕ್ಷೆ ಶುಕ್ರವಾರ ಮಧ್ಯಾಹ್ನ. ಪ್ರಾಣ ಹೋಗಿದ್ದು ಅದಕ್ಕೆ ಇಪ್ಪತ್ತನಾಲ್ಕು ಗಂಟೆ ಮೊದಲು. ರಕ್ತ ಸೋರಿ.’’

ಗುರುವಾರ ಮಧ್ಯಾಹ್ನ. ಮುನಿಯಮ್ಮಾಳ್ ಬೆರಳು ಮಡಿಸಿ ಎಣಿಸಲಿಲ್ಲ, ಎಣಿಸಬೇಕಾಗಿರಲಿಲ್ಲ. ಬುಧವಾರ ಸಂಜೆ ಇಪ್ಪತ್ತು ಜನ ಹುಡುಕಲು ಹೋಗಿದ್ದರು. ದೊಣೆಯ ಪಕ್ಕದ ಕಾಲುದಾರಿಯಲ್ಲಿ ಅವಳೇ ಮುಂದಿದ್ದಳು. ಪೊದೆಯೊಳಗೆ ಸರಸರ ಸದ್ದಾಯಿತು. ನಿಂತಿತು. ಮತ್ತೆ ಆಯಿತು. ‘‘ಕಾಟಿ, ಇಂದೆ ಸರೀರಿ’’ ಎಂದು ತಂಗವೇಲ್ ಅವಳ ತೋಳು ಹಿಡಿದೆಳೆದಿದ್ದ. ಎಲ್ಲರೂ ಓಡಿದ್ದರು. ಅವಳೂ.

ತಂಗವೇಲ್ ಬಾಗಿಲ ಚೌಕಟ್ಟು ಹಿಡಿದುಕೊಂಡ. ‘‘ಕಾಟೀನೇ ಅಂದ್ಕೊಂಡೆ ಕಣವ್ವ.’’

‘‘ನಾನೂ ಅಂಗೇ ಅಂದ್ಕೊಂಡೆ’’ ಎಂದಳು. ಅವನ ಮುಖ ನೋಡಲಿಲ್ಲ.

ಬೀದಿಯಲ್ಲಿ ಕೇರಳದ ತೋಟಗಳಿಂದ ಇಳಿದ ಜೀಪುಗಳು ಹಾರ್ನ್ ಹೊಡೆಯುತ್ತಿದ್ದವು. ಜೆರಾಕ್ಸ್ ಯಂತ್ರದ ಒಳಗೆ ಫ್ಯಾನು ಗರ್ ಎನ್ನುತ್ತಿತ್ತು. ಅವಳು ಒಂದು ಖಾಲಿ ಹಾಳೆಯನ್ನು ತಮಿಳರಸಿಯ ಕಡೆ ತಳ್ಳಿ, ‘‘ಬರಿ’’ ಎಂದಳು.

ಬರೆಯುವುದೇನೆಂದು ಹೇಳುತ್ತ ಹೋದಂತೆ ತಮಿಳರಸಿಯ ಕೈ ನಿಧಾನವಾಯಿತು. ಆ ಮಂಗಳವಾರ ನಾಲ್ಕು ಗಂಟೆಗೇ ಮೇಸ್ತ್ರಿ ಆಳುಗಳನ್ನು ಬಿಟ್ಟಿದ್ದ. ಹೊಟ್ಟೆ ಇಳಿದ ಗಬ್ಬದ ಹಸುವೊಂದು ದೊಣೆಯ ಕಡೆ ಹೋದದ್ದನ್ನು ಕಂಡು ದುರೈ ಅದರ ಹಿಂದೆ ಹೋದ. ಜೊತೆಯ ಆಳು ಇದನ್ನು ಅವತ್ತೇ ಹೇಳಿದ್ದ. ಬಾಯಿ ಮುಚ್ಚಿಕೊಂಡಿರು ಎಂದು ಅವನ ಕಾಲು ಹಿಡಿದವಳು ಮುನಿಯಮ್ಮಾಳ್. ನಾಲ್ಕು ವರ್ಷ ಅವಳು ಕಚೇರಿಯ ಬಾಗಿಲಲ್ಲಿ ಹೇಳಿದ್ದು ಒಂದೇ ಸುಳ್ಳು: ಅವರು ಕೆಲಸದಲ್ಲಿದ್ದಾಗಲೇ ಸತ್ತರು.

‘‘ಅತ್ತೆ, ಇದನ್ನ ಬರೆದ್ರೆ ಮಾಮ ವೇಲೆಯಲ್ಲಿ, ಕೆಲಸದಲ್ಲಿ, ಇರಲಿಲ್ಲ ಅಂತ ನೀವೇ ಒಪ್ಪಿದ ಹಾಗೆ. ಕೂಲಿ ಇಲ್ಲ, ಪರಿಹಾರ ಇಲ್ಲ. ದನ ಬಿಟ್ಟ ಕೇಸು ಬೇರೆ ಹಾಕ್ತಾರೆ.’’

‘‘ಬರೀದಿದ್ರೆ?’’

‘‘ಬರೀದಿದ್ರೆ ಮಂದೆ ಅಲ್ಲಿಗೆ ಹೋಗೋದಕ್ಕೆ ಸಾಕ್ಷಿ ಇಲ್ಲ.’’

‘‘ಅಂಗಾದ್ರೆ ಬರಿ. ಔಷಧಿ ಬಿದ್ದ ನೀರು ಕುಡಿದು ಒಂದು ಆಕಳು ಆ ಪೊದೇಲಿ ಬಿದ್ದು ಒದ್ದಾಡಿದ್ರೆ, ನಾನು ಆ ಸದ್ದು ಕೇಳಿ ಮತ್ತೆ ಓಡಬೇಕಾ?’’

ಆಕ್ಷೇಪಿಸುವವರು: ಮುನಿಯಮ್ಮಾಳ್, ದುರೈಯ ಹೆಂಡತಿ. ಸಂಬಂಧ: ನನ್ನ ಗಂಡ ಮಂದೆಯ ಹಸುವನ್ನು ದೊಣೆಯಿಂದ ಹೊಡೆದುಕೊಂಡು ಬರಲು ಹೋಗಿ ಈ ಜಾಗದಲ್ಲಿ ಎರಡು ದಿನ ಜೀವ ಹಿಡಿದು ಬಿದ್ದಿದ್ದರು. ಬೇಡಿಕೆ: ಗಿಡ ಕೀಳಿ, ಬೇರುಸಹಿತ ಕೈಯಲ್ಲಿ ಕೀಳಿ, ದೊಣೆಯ ಸುತ್ತ ಮುನ್ನೂರು ಹೆಜ್ಜೆ ಔಷಧಿ ಬೇಡ. ಸಾಕ್ಷಿಗೆ ಒಂದು ಸಹಿ ಬೇಕಿತ್ತು. ತಂಗವೇಲ್ ಮುಂದೆ ಬಂದು ಪೆನ್ನು ಈಸಿಕೊಂಡು ತನ್ನ ಹೆಸರು ಬರೆದ. ಅಕ್ಷರ ಸೊಟ್ಟವಾಗಿತ್ತು. ಅದೇ ಸಂಜೆ ದೊಡ್ಡಿಯ ಬಾಗಿಲಿಗೆ ಹೋಗಿ ತಪ್ಪುಕಾಣಿಕೆ ಇಟ್ಟ. ಯಾವ ತಪ್ಪಿಗೆಂದು ಯಾರಿಗೂ ಹೇಳಲಿಲ್ಲ.

ಮೂವತ್ತನೆಯ ದಿನ ಕಚೇರಿ ಮುಚ್ಚುವ ಮೊದಲು ಅರ್ಜಿ ಒಳಗೆ ಹೋಯಿತು. ಜೆಯರಾಜ್ ಎರಡು ಸಲ ಓದಿದ. ಈ ಸಲ ತಮಾಷೆ ಮಾಡಲಿಲ್ಲ. ‘‘ಇದರ ಪ್ರತಿ ಗುತ್ತಿಗೆದಾರನಿಗೂ ಹೋಗುತ್ತಮ್ಮಾ’’ ಎಂದ. ಅವಳು ತಲೆಯಾಡಿಸಿದಳು.

ಆಗಬೇಕಾದದ್ದು ಬೇಗ ಆಯಿತು. ನಾಲ್ಕು ವರ್ಷ ಮಲಗಿದ್ದ ಕಡತ ಹತ್ತು ದಿನದಲ್ಲಿ ಎದ್ದು ಮುಗಿಯಿತು: ಮೃತನು ಕೆಲಸದಲ್ಲಿರಲಿಲ್ಲವೆಂದು ಹೆಂಡತಿಯೇ ಒಪ್ಪಿರುವುದರಿಂದ ಪರಿಹಾರದ ಪ್ರಶ್ನೆ ಉದ್ಭವಿಸದು. ಕೂಲಿಯ ಬಗ್ಗೆ ಒಂದು ಅಕ್ಷರವೂ ಇಲ್ಲ. ಇಪ್ಪತ್ತಮೂರು ದಿನ ಬೆವರು ಸುರಿಸಿದ್ದು ಸತ್ತದ್ದರಿಂದ ಅಳಿಸಿಹೋಗುತ್ತದೆಯೇ ಎಂದು ಕೇಳುವವರಿಲ್ಲ.

ಆಕ್ಷೇಪಣೆಗೆ ಮಾತ್ರ ಬೇರೆ ಉತ್ತರ ಬಂತು. ಇದು ನಿಯಮಬದ್ಧವಾಗಿದೆ, ಆದರೆ ಒಬ್ಬ ಹೆಂಗಸಿನದು. ಸಾರ್ವಜನಿಕರಿಗೆ ಕಳವಳವಿದ್ದಿದ್ದರೆ ಸಾರ್ವಜನಿಕರು ಬರೆಯುತ್ತಿದ್ದರು. ಆದರೂ ಅವಧಿಯನ್ನು ಹದಿನೈದು ದಿನ ವಿಸ್ತರಿಸಲಾಗಿದೆ. ಬೇರೆ ಹೆಸರು ಬರದಿದ್ದರೆ ಸಿಂಪಡಣೆ ಶುರು.

ಒಂದು ಹೆಸರು ಸಾರ್ವಜನಿಕವಲ್ಲವಂತೆ. ಇದನ್ನು ಬರೆಯುತ್ತಿರುವ ನಾನು ಧರಣಿ ಕೂತ ಮೂವತ್ತು ವರ್ಷದಲ್ಲಿ ಈ ಲೆಕ್ಕ ಎಷ್ಟೋ ಸಲ ಕೇಳಿದ್ದೇನೆ, ಪ್ರತಿ ಸಲವೂ ನಾವು ಸೋತದ್ದು ಅನ್ಯಾಯಕ್ಕಲ್ಲ, ಎಣಿಕೆಗೆ. ಆಕ್ಷೇಪಣೆಯ ನಿಯಮದಲ್ಲಿ ಆಕ್ಷೇಪಿಸುವವನ ಊರು ಯಾವುದು, ಜಾತಿ ಯಾವುದು, ದನ ಇದೆಯೇ ಎಂದು ಕೇಳಿಲ್ಲ. ಓದಿ ನಿಟ್ಟುಸಿರು ಬಿಡಬೇಡಿ, ಅದು ಯಾರಿಗೂ ಬೇಕಿಲ್ಲ. ಒಂದು ಹಾಳೆ ತೆಗೆದುಕೊಳ್ಳಿ. ಕರಿದೊಣೆಯ ಸುತ್ತ ಔಷಧಿ ಬೇಡ, ಗಿಡವನ್ನು ಕೂಲಿ ಕೊಟ್ಟು ಕೈಯಲ್ಲಿ ಕೀಳಿಸಿ ಎಂದು ಬರೆಯಿರಿ. ಸಂಘದ ಹೆಸರು ಬೇಡ, ದೇವರ ಹೆಸರು ಬೇಡ. ನಿಮ್ಮ ಸ್ವಂತ ಹೆಸರು ಹಾಕಿ, ಅರಣ್ಯ ಕಚೇರಿಯ ವಿಳಾಸಕ್ಕೆ ಇವತ್ತೇ ಅಂಚೆಗೆ ಹಾಕಿ.